ಸ್ಟೆಪ್-ಡೌನ್: ನೆಲ ತಗ್ಗಿಸಿ ರೇಸ್ ಗೆದ್ದ ಹಡ್ಸನ್ ಕಾರುಗಳು

ಹಳೇ ಅಮೆರಿಕನ್ ಕಾರುಗಳ ಬಗ್ಗೆ ಓದುವವರಿಗೆ ‘ಸ್ಟೆಪ್-ಡೌನ್ ಹಡ್ಸನ್’ ಎಂಬ ಮಾತು ಆಗಾಗ ಸಿಗುತ್ತದೆ. ಇದು ಯಾವುದೋ ಒಂದು ಮಾಡೆಲ್‌ನ ಹೆಸರಲ್ಲ. ಡೆಟ್ರಾಯಿಟ್‌ನ ಹಡ್ಸನ್ ಕಂಪನಿ 1948ರಲ್ಲಿ ತಂದ ಹೊಸ ಬಗೆಯ ಕಾರ್ ಬಾಡಿಯ ಹೆಸರು. ಬಾಗಿಲು ತೆಗೆದರೆ ಒಳಗಿನ ನೆಲ ಹೊಸ್ತಿಲಿಗಿಂತ ಕೆಳಗಿರುತ್ತದೆ. ಕಾರಿನೊಳಗೆ ಹತ್ತುವ ಬದಲು ಒಂದು ಮೆಟ್ಟಿಲು ಇಳಿದು ಕೂರಬೇಕು. ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್‌ನ ಮೊದಲ ವರ್ಷಗಳಲ್ಲಿ ಹಡ್ಸನ್ ಮೆರೆದದ್ದು ಈ ತಗ್ಗಿದ ನೆಲದಿಂದಲೇ ಎಂದು ನಾನು ನಂಬುತ್ತೇನೆ.

ಆಗಿನ ಹೆಚ್ಚಿನ ಕಾರುಗಳನ್ನು ಎರಡು ಭಾಗವಾಗಿ ಕಟ್ಟುತ್ತಿದ್ದರು. ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ತಂದು ಕೂರಿಸಿದ ಬಾಡಿ. ಹಾಗಾಗಿ ನೆಲ ಚಾಸಿಗಿಂತ ಮೇಲೆಯೇ ಇರಬೇಕಿತ್ತು. ಸೀಟು ಅದಕ್ಕಿಂತ ಮೇಲೆ, ಛಾವಣಿ ಇನ್ನೂ ಮೇಲೆ. ಹಡ್ಸನ್ ಎಂಜಿನಿಯರ್‌ಗಳು ಚಾಸಿಯ ಉದ್ದ ತೊಲೆಗಳನ್ನು ಎರಡೂ ಬದಿಗೆ ಸರಿಸಿದರು. ಕೂರುವ ಜಾಗದ ಸುತ್ತ ಅವು ಕಟ್ಟೆಯ ಹಾಗೆ ನಿಂತವು. ನೆಲವನ್ನು ಆ ತೊಲೆಗಳ ನಡುವೆ, ಕೆಳಮಟ್ಟದಲ್ಲಿ ಕೂರಿಸಿದರು. ಕಾರಿನ ಹಿಂಭಾಗದಲ್ಲಿ ಒಂದು ಜೊತೆ ತೊಲೆಗಳು ಚಕ್ರಗಳ ಹೊರಗಿನಿಂದಲೇ ಹಾದುಹೋಗುತ್ತವೆ. ಬಾಡಿ ಮತ್ತು ಚಾಸಿ ಎರಡನ್ನೂ ಬೆಸುಗೆ ಹಾಕಿ ಒಂದೇ ಮಾಡಿದ್ದರು. ಕಾರಿನ ಎತ್ತರ ಸುಮಾರು 5 ಅಡಿಗೆ ಇಳಿಯಿತು. ಪಕ್ಕದಿಂದ ಯಾರಾದರೂ ಗುದ್ದಿದರೆ ಏಟು ಮೊದಲು ಬೀಳುವುದು ಉಕ್ಕಿನ ತೊಲೆಯ ಮೇಲೆ, ಕೂತವರ ಮೇಲಲ್ಲ.

ಕಂಪನಿ ಇದನ್ನು ಮಾಡಿದ್ದು ರೇಸಿಗಾಗಿ ಅಲ್ಲ. ಅಂದ, ಆರಾಮ, ಸುರಕ್ಷತೆ ಅವರ ತಲೆಯಲ್ಲಿದ್ದದ್ದು. ಆದರೆ ಭಾರವೆಲ್ಲ ನೆಲಕ್ಕೆ ಹತ್ತಿರವಾದಾಗ ತಿರುವಿನಲ್ಲಿ ಕಾರು ಕಡಿಮೆ ವಾಲುತ್ತದೆ. ನಾಲ್ಕೂ ಟೈರ್‌ಗಳು ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತವೆ. ಬೇರೆಯವರು ಬ್ರೇಕ್ ಒತ್ತಲೇಬೇಕಾದ ಜಾಗದಲ್ಲಿ ಹಡ್ಸನ್ ಓಡಿಸುವವನು ವೇಗ ಉಳಿಸಿಕೊಂಡು ಹೋಗಬಹುದಿತ್ತು.

ಇನ್ನು ‘ಸ್ಟಾಕ್ ಕಾರ್’ ಅಂದರೆ ಏನು ಅಂತಲೂ ನೋಡೋಣ. ಡೀಲರ್ ಬಳಿ ಮಾರಾಟಕ್ಕೆ ನಿಂತಿರುವ ಕಾರನ್ನೇ ರೇಸಿಗೆ ಇಳಿಸುವುದು. ರೇಸ್ ಆಯೋಜಕ ಬಿಲ್ ಫ್ರಾನ್ಸ್ 1948ರಲ್ಲಿ ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿ ನ್ಯಾಸ್‌ಕಾರ್ ಸಂಸ್ಥೆ ಕಟ್ಟಿದಾಗ ಇದ್ದ ಕಲ್ಪನೆ ಇದು. 1949ರ ಜೂನ್ 19ರಂದು ಶಾರ್ಲಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ ಈ ಬಗೆಯ ಮೊದಲ ರೇಸ್ ನಡೆಯಿತು. ಮೊದಲು ಗುರಿ ಮುಟ್ಟಿದ್ದು ಗ್ಲೆನ್ ಡನವೇ ಓಡಿಸಿದ ಫೋರ್ಡ್. ತಪಾಸಣೆಯಲ್ಲಿ ಅದರ ಹಿಂದಿನ ಸ್ಪ್ರಿಂಗ್‌ಗಳನ್ನು ಬದಲಿಸಿದ್ದು ಸಿಕ್ಕಿಬಿತ್ತು. ಕಳ್ಳಭಟ್ಟಿ ಸಾಗಿಸುವವರು ಜಾಸ್ತಿ ಭಾರ ಹೊರಲೆಂದು ಮಾಡಿಸುತ್ತಿದ್ದ ಬದಲಾವಣೆ ಅದು. ಗೆಲುವು ಲಿಂಕನ್ ಕಾರು ಓಡಿಸಿದ ಜಿಮ್ ರೋಪರ್ ಪಾಲಾಯಿತು. ಫೋರ್ಡ್ ಮಾಲೀಕ ಕೋರ್ಟಿಗೆ ಹೋದರೂ ಪ್ರಯೋಜನವಾಗಲಿಲ್ಲ. ಅಂಗಡಿಯ ಕಾರು ಅಂದರೆ ಅಂಗಡಿಯ ಕಾರೇ ಎಂಬ ನಿಯಮ ಅಂದು ಗಟ್ಟಿಯಾಯಿತು.

ಈ ನಿಯಮ ಹಡ್ಸನ್‌ಗೆ ವರವಾಯಿತು. ಚಾಲಕರು ಕಾರಿನ ಎತ್ತರ ಇಳಿಸಿಕೊಳ್ಳುವಂತಿರಲಿಲ್ಲ, ಆದರೆ ಹಡ್ಸನ್ ಹುಟ್ಟುತ್ತಲೇ ತಗ್ಗಾಗಿತ್ತು, ಅಲ್ವಾ?

ಕೊರತೆ ಇದ್ದದ್ದು ಶಕ್ತಿಯದು. ಅದನ್ನು ತುಂಬಿದ್ದು 1951ರಲ್ಲಿ ಬಂದ ಹಡ್ಸನ್‌ನ ಹಾರ್ನೆಟ್ ಮಾಡೆಲ್. ಅದರದ್ದು 5 ಲೀಟರ್, ಆರು ಸಿಲಿಂಡರ್ ಎಂಜಿನ್. ಆಗಿನ ಅಮೆರಿಕನ್ ಕಾರುಗಳ ಆರು ಸಿಲಿಂಡರ್ ಎಂಜಿನ್‌ಗಳಲ್ಲಿ ಅದೇ ದೊಡ್ಡದು. ಶಕ್ತಿ 145 ಹಾರ್ಸ್‌ಪವರ್. ವಿನ್ಯಾಸ ಮಾತ್ರ ಹಳೆಯದು, ವಾಲ್ವ್‌ಗಳು ಸಿಲಿಂಡರ್ ತಲೆಯ ಮೇಲೆ ಇರದೆ ಪಕ್ಕದಲ್ಲಿದ್ದವು. ಎದುರಾಳಿ ಓಲ್ಡ್ಸ್‌ಮೊಬೈಲ್ 88ರಲ್ಲಿ ಆಗಲೇ ಆಧುನಿಕ ವಿ8 ಇತ್ತು. ಆದರೂ ಹಡ್ಸನ್ ಎಂಜಿನ್ನಿನ ಎಳೆಯುವ ತಾಕತ್ತು ದೊಡ್ಡದು, ಬ್ಲಾಕ್ ಬಹಳ ಗಟ್ಟಿ. ಮುಂದೆ ಎರಡು ಕಾರ್ಬುರೇಟರ್‌ಗಳ ‘ಟ್ವಿನ್ ಎಚ್ ಪವರ್’ ಬಂತು. ಅದರೊಂದಿಗೆ 1952ರಲ್ಲಿ ಶಕ್ತಿ 170 ಹಾರ್ಸ್‌ಪವರ್‌ಗೆ ಏರಿತು.

1951ರ ಫೆಬ್ರವರಿಯಲ್ಲಿ ಮಾರ್ಷಲ್ ಟೀಗ್ ಡೇಟೋನಾದಲ್ಲಿ ಹಾರ್ನೆಟ್ ಓಡಿಸಿ ಗೆದ್ದರು. ಆ ಕೋರ್ಸ್‌ನಲ್ಲಿ ಅರ್ಧ ಸಮುದ್ರತೀರದ ಮರಳು, ಇನ್ನರ್ಧ ಡಾಂಬರು ರಸ್ತೆ. ಮರುವರ್ಷವೂ ಅಲ್ಲಿ ಅವರೇ ಗೆದ್ದರು. ಕಂಪನಿಯ ಬೆಂಬಲವನ್ನು ರೇಸಿಗೆ ತಂದುಕೊಟ್ಟವರಲ್ಲಿ ಟೀಗ್ ಮುಖ್ಯರು. 1951ರಲ್ಲೇ ಡಾರ್ಲಿಂಗ್ಟನ್‌ನ ಸದರ್ನ್ 500 ರೇಸನ್ನು ಹರ್ಬ್ ಥಾಮಸ್ ಹಾರ್ನೆಟ್‌ನಲ್ಲಿ ಗೆದ್ದರು. ಅವರ ಕಾರನ್ನು ಸಿದ್ಧಪಡಿಸುತ್ತಿದ್ದವರು ಡೇಟೋನಾದ ಮೆಕ್ಯಾನಿಕ್ ಸ್ಮೋಕಿ ಯೂನಿಕ್. 1951 ಮತ್ತು 1953ರ ಚಾಂಪಿಯನ್ ಪಟ್ಟ ಥಾಮಸ್‌ಗೆ, 1952ರದ್ದು ಹಡ್ಸನ್ನನ್ನೇ ಓಡಿಸಿದ ಟಿಮ್ ಫ್ಲಾಕ್‌ಗೆ. 1952ರಲ್ಲಿ ನ್ಯಾಸ್‌ಕಾರ್‌ನ ಮುಖ್ಯ ಸರಣಿಯಲ್ಲಿ ನಡೆದ 34 ರೇಸ್‌ಗಳಲ್ಲಿ 27ನ್ನು ಹಡ್ಸನ್ ಗೆದ್ದಿತು. ಒಂದು ಸಣ್ಣ ಕಂಪನಿ ಇಷ್ಟು ಮಾಡಿತು ಅನ್ನುವುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ಇದರಲ್ಲಿ ಒಂದು ಜಾಣತನವೂ ಇತ್ತು. ಆಗ ಹೊರಗಿನ ಬಿಡಿಭಾಗ ಹಾಕುವಂತಿರಲಿಲ್ಲ, ಕಂಪನಿಯ ಪಟ್ಟಿಯಲ್ಲಿರುವುದನ್ನು ಹಾಕಬಹುದಿತ್ತು. ಹಾಗಾಗಿ ಹಡ್ಸನ್ ‘ಸಿವಿಯರ್ ಯೂಸೇಜ್’ ಎಂಬ ಹೆಸರಿನಲ್ಲಿ, ಅಂದರೆ ಕಠಿಣ ಬಳಕೆಗೆಂದು, ಗಟ್ಟಿ ಭಾಗಗಳನ್ನು ಪಟ್ಟಿಗೆ ಸೇರಿಸಿತು. ಈ ಕೆಲಸದ ಹಿಂದೆ ಇದ್ದವರು ಎಂಜಿನಿಯರ್ ವಿನ್ಸ್ ಪಿಗ್ಗಿನ್ಸ್. ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದಾದ್ದರಿಂದ ಅವೂ ‘ಸ್ಟಾಕ್’ ಲೆಕ್ಕಕ್ಕೇ ಬಂದವು. ಅಂಗಡಿಯ ಕಾರಿಗೂ ರೇಸಿನ ಕಾರಿಗೂ ನಡುವಿನ ಗೆರೆ ಮಸುಕಾಗತೊಡಗಿದ್ದು ಇಂಥ ಪಟ್ಟಿಗಳಿಂದಲೇ.

ಇಷ್ಟು ಗೆದ್ದರೂ ಕಂಪನಿ ಉಳಿಯಲಿಲ್ಲ. ಕಾರಣ ಹುಡುಕಿದರೆ ಮತ್ತೆ ಆ ಕಾರ್ ಬಾಡಿಯ ವಿಷಯಕ್ಕೇ ಬಂದು ನಿಲ್ಲುತ್ತೇವೆ. ಚಾಸಿ ಬೇರೆ, ಬಾಡಿ ಬೇರೆ ಆಗಿದ್ದರೆ ಮೇಲಿನದ್ದನ್ನಷ್ಟೇ ಬದಲಿಸಿ ಹೊಸ ರೂಪ ಕೊಡಬಹುದು. ಎರಡೂ ಒಂದೇ ಆದಾಗ ರೂಪ ಬದಲಿಸುವ ಖರ್ಚು ಸಣ್ಣ ಕಂಪನಿಗೆ ತಡೆಯದು. ದೊಡ್ಡ ಕಂಪನಿಗಳು ಮತ್ತೆ ಮತ್ತೆ ಹೊಸ ರೂಪ ತೋರಿಸುತ್ತಿದ್ದಾಗ ಹಡ್ಸನ್ 1948ರ ಬಾಡಿಯನ್ನೇ ಮಾರುತ್ತಿತ್ತು. ಇದ್ದ ಹಣವನ್ನು ‘ಜೆಟ್’ ಎಂಬ ಚಿಕ್ಕ ಕಾರಿಗೆ ಸುರಿದರು. 1953ರಲ್ಲಿ ಬಂದ ಅದು ಸೋತಿತು. 1951ರಲ್ಲಿ 43 ಸಾವಿರ ದಾಟಿದ್ದ ಹಾರ್ನೆಟ್ ತಯಾರಿಕೆ 1953ರ ಹೊತ್ತಿಗೆ 27 ಸಾವಿರದ ಆಸುಪಾಸಿಗೆ ಇಳಿದಿತ್ತು. ಭಾನುವಾರ ರೇಸ್ ಗೆದ್ದರೆ ಸೋಮವಾರ ಕಾರು ಮಾರಾಟವಾಗುತ್ತದೆ ಎಂದು ಆ ವಲಯದಲ್ಲಿ ಹೇಳುತ್ತಾರೆ. ಹಡ್ಸನ್ ವಿಷಯದಲ್ಲಿ ಅದು ನಿಜವಾಗಲಿಲ್ಲ ಎನ್ನುವುದು ನನಗೆ ಬೇಸರದ ಮಾತು.

1954ರ ಮೇ 1ರಂದು ಹಡ್ಸನ್ ಮತ್ತು ಇನ್ನೊಂದು ಕಾರು ಕಂಪನಿ ನ್ಯಾಶ್ ಸೇರಿ ಅಮೆರಿಕನ್ ಮೋಟರ್ಸ್ ಆಯಿತು. ಅದೇ ವರ್ಷ ಡೆಟ್ರಾಯಿಟ್‌ನಲ್ಲಿ ಹಡ್ಸನ್ ಕಾರು ತಯಾರಿಕೆ ನಿಂತು ವಿಸ್ಕಾನ್ಸಿನ್‌ನ ಕಿನೋಶಾಕ್ಕೆ ಹೋಯಿತು. ಅಲ್ಲಿ ತಯಾರಾದ 1955ರಿಂದ 1957ರ ದೊಡ್ಡ ಹಡ್ಸನ್‌ಗಳ ಒಡಲು ನ್ಯಾಶ್‌ನದು. 1957ರ ನಂತರ ಆ ಹೆಸರೂ ಇಲ್ಲ. ಹಾಗಾಗಿ ಸಂಗ್ರಹಕಾರರು ಈ ಕೊನೆಯ ಕಾರುಗಳನ್ನು ಸ್ಟೆಪ್-ಡೌನ್ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವುಗಳ ಮೇಲೆ ಹಾರ್ನೆಟ್ ಅಂತ ಬರೆದಿದ್ದರೂ ಅಷ್ಟೇ. 1948ರಿಂದ 1954ರವರೆಗಿನ ಆ ತಗ್ಗು ನೆಲದ ಹಡ್ಸನ್‌ಗಳು ಮಾತ್ರ ಸ್ಟೆಪ್-ಡೌನ್.