ಮೋಟರಿಗಿಂತ ಮೊದಲು ಪುಲ್ಲಿಯ ಲೆಕ್ಕ

ಕೈಯಿಂದ ತಿರುಗಿಸುವ ಲೋಹ ಕೆತ್ತುವ ಮಿಲ್ಲಿಂಗ್ ಯಂತ್ರವನ್ನು ಮನೆಯಲ್ಲೇ, ಕಂಪ್ಯೂಟರ್ ಆದೇಶದಂತೆ ಓಡುವ ಸಿಎನ್‌ಸಿ ಯಂತ್ರವಾಗಿ ಬದಲಾಯಿಸಲು ಹೊರಟವರು ಮೊದಲು ಕೇಳುವುದು ‘ಎಷ್ಟು ವ್ಯಾಟಿನ ಸರ್ವೋ ಮೋಟರ್ ಬೇಕು?’ ಎಂದು. ಸರ್ವೋ ಎಂದರೆ ತಾನು ತಿರುಗಿದ್ದನ್ನು ಅಳೆದುಕೊಂಡು ಹೇಳಿದಷ್ಟೇ ತಿರುಗುವ ಮೋಟರ್. ಇಡೀ ಕೆಲಸದಲ್ಲಿ ದುಬಾರಿಯಾದ ವಸ್ತು ಅದೇ ಆದ್ದರಿಂದ ಪ್ರಶ್ನೆ ಸಹಜವೇ. ಆದರೆ ಮೋಟರಿನ ವೇಗವನ್ನೂ ಬಲವನ್ನೂ, ಕೆಲಸದ ತುಂಡು ಕೂರುವ ಟೇಬಲ್ಲನ್ನು ತಳ್ಳುವ ಸ್ಕ್ರೂವಿಗೆ ಒಗ್ಗುವ ಪ್ರಮಾಣಕ್ಕೆ ತರುವುದು ನಡುವೆ ಕೂರುವ, ಹಲ್ಲಿನ ಬೆಲ್ಟಿನಿಂದ ಜೋಡಿಸಿದ ಎರಡು ಪುಲ್ಲಿಗಳು. ಅವುಗಳನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಬದಿಗಿಟ್ಟು ಮೋಟರನ್ನು ಮಾತ್ರ ಆರಿಸಿದರೆ, ಅಗತ್ಯಕ್ಕಿಂತ ದೊಡ್ಡ ಮೋಟರನ್ನು ತಂದ ಮೇಲೂ ಟೇಬಲ್ ಮಂದವಾಗಿ ಓಡುವುದುಂಟು.

ಲೆಕ್ಕವನ್ನು ಯಂತ್ರದ ಬಳಿಯಿಂದಲೇ ಆರಂಭಿಸಬಹುದು. ಟೇಬಲ್ಲಿನ ಹ್ಯಾಂಡಲನ್ನು ಕಳಚಿ, ಸ್ಕ್ರೂವಿನ ತುದಿಗೆ ಯಾವುದಾದರೂ ಪುಲ್ಲಿಯನ್ನು ಸಿಕ್ಕಿಸಿ, ಅದರ ಸುತ್ತ ನಾಲ್ಕು ಸುತ್ತು ದಾರ ಸುತ್ತಿ, ದಾರದ ಇನ್ನೊಂದು ತುದಿಯನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಕಟ್ಟಿ ನಿಧಾನವಾಗಿ ಎಳೆಯಬೇಕು. ಟೇಬಲ್ ಕದಲುವ ಕ್ಷಣದಲ್ಲಿ ಮುಳ್ಳು ಸ್ವಲ್ಪ ಮೇಲೇರಿ, ಚಲನೆ ಶುರುವಾದ ಮೇಲೆ ತುಸು ಇಳಿದು ನಿಲ್ಲುತ್ತದೆ. ನಾನು ಹೀಗೆ ಅಳೆದಾಗ 32 ಮಿ.ಮೀ. ತ್ರಿಜ್ಯದ ಪುಲ್ಲಿಯ ಮೇಲೆ ತಕ್ಕಡಿ ಒಂದೂವರೆ ಕಿಲೋ ತೋರಿಸಿತು. ಅಂದರೆ ಸುಮಾರು 14.7 ನ್ಯೂಟನ್ ಎಳೆತ. ಅದನ್ನು ತ್ರಿಜ್ಯದಿಂದ ಗುಣಿಸಿದರೆ 0.47 ನ್ಯೂಟನ್-ಮೀಟರ್ ತಿರುಗುಬಲ. ಇದು ಬರೀ ಘರ್ಷಣೆಯ ಪಾಲು. ಟೇಬಲ್ಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಹೀಗೆ ಎಳೆದು ನೋಡಿದರೆ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸವೆದು ಸಡಿಲವಾಗಿದೆ ಎಂಬುದೂ ತಿಳಿಯುತ್ತದೆ. ಹತ್ತು ನಿಮಿಷದ ಈ ಪರೀಕ್ಷೆ ಯಾವ ಕೋಷ್ಟಕಕ್ಕಿಂತಲೂ ನಂಬಲರ್ಹವಾದುದೆಂದು ನನ್ನ ಅಭಿಪ್ರಾಯ.

ಇನ್ನು ಲೋಹವನ್ನು ಕತ್ತರಿಸಲು ಬೇಕಾಗುವ ಬಲ. ಒಂದು ಸುತ್ತಿಗೆ 5 ಮಿ.ಮೀ. ಸಾಗುವ, ಶೇಕಡಾ 90ರಷ್ಟು ದಕ್ಷತೆಯುಳ್ಳ ಬಾಲ್ ಸ್ಕ್ರೂವಿಗೆ (ಉಕ್ಕಿನ ಗುಂಡುಗಳ ಮೇಲೆ ಉರುಳುವುದರಿಂದ ಘರ್ಷಣೆ ಕಡಿಮೆಯಿರುವ ಸ್ಕ್ರೂ) 1 ನ್ಯೂಟನ್-ಮೀಟರ್ ತಿರುಗುಬಲ ಕೊಟ್ಟರೆ ಅದು ಟೇಬಲ್ಲನ್ನು ಸುಮಾರು 1130 ನ್ಯೂಟನ್ ಬಲದಿಂದ ತಳ್ಳುತ್ತದೆ. ಅಂದರೆ 115 ಕಿಲೋ ತೂಕವನ್ನು ಎತ್ತುವಷ್ಟು ಬಲ. ಸಣ್ಣ ಯಂತ್ರವೊಂದರಲ್ಲಿ ಕತ್ತರಿಸುವ ಬಲಕ್ಕೆ 500 ನ್ಯೂಟನ್ ಇಟ್ಟುಕೊಂಡರೆ ಅದಕ್ಕೆ 0.44 ನ್ಯೂಟನ್-ಮೀಟರ್ ಸಾಕು. ಘರ್ಷಣೆಯನ್ನೂ ಕೂಡಿಸಿದರೆ ಸ್ಕ್ರೂವಿನ ತುದಿಯಲ್ಲಿ ಬೇಕಾಗುವುದು 0.91. ಸಾಮಾನ್ಯ ಚೌಕ ಅಥವಾ ಟ್ರೆಪಿಜಾಯ್ಡ್ ಆಕಾರದ ಮರೆಯ (ಸುರುಳಿ ಗೆರೆಯ) ಹಳೆಯ ಸ್ಕ್ರೂವನ್ನೇ ಉಳಿಸಿಕೊಂಡರೆ ದಕ್ಷತೆ ಅರ್ಧಕ್ಕಿಂತಲೂ ಕೆಳಗಿಳಿಯುವುದರಿಂದ ಈ ಲೆಕ್ಕವೆಲ್ಲ ದುಪ್ಪಟ್ಟು, ಮೂರುಪಟ್ಟಾಗುತ್ತದೆ.

ವೇಗದ ಲೆಕ್ಕ ಇದಕ್ಕಿಂತ ಸುಲಭ. ಟೇಬಲ್ ನಿಮಿಷಕ್ಕೆ 5 ಮೀಟರ್ ಓಡಿದರೆ ಸಾಕೆನ್ನುವುದಾದರೆ ಸ್ಕ್ರೂ ನಿಮಿಷಕ್ಕೆ 1000 ಸುತ್ತು ತಿರುಗಬೇಕು. ಆದರೆ ಸಾಮಾನ್ಯ ಎಸಿ ಸರ್ವೋ ಮೋಟರಿಗೆ ನಿಗದಿಯಾದ ವೇಗ 3000 ಸುತ್ತು. 400 ವ್ಯಾಟಿನ ಮೋಟರು 1.27 ನ್ಯೂಟನ್-ಮೀಟರನ್ನೂ 200 ವ್ಯಾಟಿನದು ಅದರ ಅರ್ಧವನ್ನೂ ಆ ವೇಗದವರೆಗೆ ಬಿಡುವಿಲ್ಲದೆ ಕೊಡಬಲ್ಲವು. ಕ್ಷಣಕಾಲಕ್ಕೆ ಸುಮಾರು ಮೂರು ಪಟ್ಟು ಕೊಡುತ್ತವೆ. ಮೋಟರನ್ನು ನೇರವಾಗಿ ಸ್ಕ್ರೂವಿಗೆ ಜೋಡಿಸಿದರೆ 0.91ರ ಬೇಡಿಕೆಗೆ 400 ವ್ಯಾಟಿನ ಮೋಟರೇ ಬೇಕು, ಆದರೆ ಅದು ತನ್ನ ವೇಗದ ಮೂರನೆಯ ಒಂದು ಭಾಗವನ್ನಷ್ಟೇ ಬಳಸುತ್ತದೆ. ನಡುವೆ ಒಂದಕ್ಕೆ ಎರಡರ ಪುಲ್ಲಿ ಹಾಕಿದರೆ (ಮೋಟರು ಎರಡು ಸುತ್ತು ತಿರುಗಿದಾಗ ಸ್ಕ್ರೂ ಒಂದು ಸುತ್ತು) ಮೋಟರು ಕೊಡಬೇಕಾದುದು ಸುಮಾರು 0.46 ಮಾತ್ರ. ಅದು 200 ವ್ಯಾಟಿನ ಮೋಟರಿನ ಅಳವಿಗೆ ಸಿಗುತ್ತದೆ, ಟೇಬಲ್ಲಿನ ಗರಿಷ್ಠ ವೇಗವೂ ನಿಮಿಷಕ್ಕೆ ಏಳೂವರೆ ಮೀಟರಿನಷ್ಟು ಉಳಿಯುತ್ತದೆ.

ಹಾಗಾದರೆ ಒಂದಕ್ಕೆ ಮೂರು ಇನ್ನೂ ಒಳ್ಳೆಯದಲ್ಲವೇ? ಮೋಟರಿನ 3000 ಸುತ್ತು ಸ್ಕ್ರೂವಿನ 1000 ಸುತ್ತಿಗೆ ಸರಿಯಾಗಿ ಹೊಂದುತ್ತದೆ, ತಿರುಗುಬಲ ಮೂರು ಪಟ್ಟಾಗುತ್ತದೆ, ಜೊತೆಗೆ ಭಾರದ ಜಡತ್ವ, ಅಂದರೆ ವೇಗದ ಬದಲಾವಣೆಗೆ ಅದು ಒಡ್ಡುವ ತಡೆ, ಮೋಟರಿಗೆ ಕಾಣುವುದು ಒಂಬತ್ತನೆಯ ಒಂದು ಭಾಗ ಮಾತ್ರ. ಕಾಗದದ ಮೇಲೆ ಇದೇ ಗೆಲ್ಲುತ್ತದೆ. ಆದರೆ ಈ ಕಾಗದದಲ್ಲಿ ದೊಡ್ಡ ಪುಲ್ಲಿಯ ಸ್ವಂತ ಜಡತ್ವವನ್ನು ಬರೆದುಕೊಂಡಿರುವುದಿಲ್ಲ.

ಅದನ್ನು ಬರೆದು ನೋಡೋಣ. 50 ಕಿಲೋಗ್ರಾಂ ತೂಕದ ಟೇಬಲ್ಲು 5 ಮಿ.ಮೀ. ಸ್ಕ್ರೂವಿನ ಮೂಲಕ ತೋರುವ ಜಡತ್ವ 0.32 ಕಿಲೋಗ್ರಾಂ-ಚದರ ಸೆಂಟಿಮೀಟರ್. 20 ಮಿ.ಮೀ. ದಪ್ಪ, 600 ಮಿ.ಮೀ. ಉದ್ದದ ಉಕ್ಕಿನ ಸ್ಕ್ರೂವಿನದು 0.74. ಇವೆರಡರ ಮೊತ್ತ 1.06. ಇನ್ನು ಮೋಟರಿಗೆ 20 ಹಲ್ಲಿನ ಪುಲ್ಲಿ ಇದ್ದರೆ ಒಂದಕ್ಕೆ ಮೂರಕ್ಕಾಗಿ ಸ್ಕ್ರೂವಿಗೆ 60 ಹಲ್ಲಿನದು ಬೇಕು. 5 ಮಿ.ಮೀ. ಪಿಚ್ಚಿನ (ಹಲ್ಲಿನಿಂದ ಹಲ್ಲಿಗಿರುವ ದೂರ) ಆ ಪುಲ್ಲಿಯನ್ನು 20 ಮಿ.ಮೀ. ಅಗಲದ ಗಟ್ಟಿ ಅಲ್ಯೂಮಿನಿಯಂ ಬಿಲ್ಲೆ ಎಂದು ಎಣಿಸಿದರೆ ಅದರ ವ್ಯಾಸ 95 ಮಿ.ಮೀ.ಗೂ ತುಸು ಹೆಚ್ಚು, ತೂಕ ಸುಮಾರು 390 ಗ್ರಾಂ, ಜಡತ್ವ 4.4! ಕೈಯಲ್ಲಿ ಹಗುರವಾಗಿ ಕೂರುವ ಆ ಬಿಲ್ಲೆ 50 ಕಿಲೋ ಟೇಬಲ್ಲಿಗಿಂತ ಹದಿನಾಲ್ಕು ಪಟ್ಟು ಹೆಚ್ಚು ಮೊಂಡು. ಅಗಲ ಒಂದೇ ಇದ್ದರೆ ಬಿಲ್ಲೆಯ ಜಡತ್ವ ತ್ರಿಜ್ಯದ ನಾಲ್ಕನೆಯ ಘಾತದಂತೆ ಏರುವುದೇ ಇದಕ್ಕೆ ಕಾರಣ. ಒಂದಕ್ಕೆ ಎರಡಕ್ಕೆ ಬೇಕಾಗುವ 40 ಹಲ್ಲಿನ ಪುಲ್ಲಿಯ ಜಡತ್ವ 0.87 ಮಾತ್ರ.

ಇವನ್ನೆಲ್ಲ ಮೋಟರಿನ ಕಡೆಗೆ ಇಳಿಸಿ ಕೂಡಿಸಿದರೆ ಒಂದಕ್ಕೆ ಒಂದರ ನೇರ ಅನುಪಾತದಲ್ಲಿ (ಸ್ಕ್ರೂವಿಗೂ 20 ಹಲ್ಲಿನ ಪುಲ್ಲಿ) ಮೋಟರು ಎದುರಿಸುವ ಜಡತ್ವ 1.11, ಒಂದಕ್ಕೆ ಎರಡರಲ್ಲಿ 0.48, ಒಂದಕ್ಕೆ ಮೂರರಲ್ಲಿ 0.61. ಮೂರಕ್ಕೆ ಹೋದಾಗ ಜಡತ್ವ ಇಳಿಯುವ ಬದಲು ಏರಿತು. ಅದೂ ಸಾಲದೆಂಬಂತೆ, ಟೇಬಲ್ಲನ್ನು ಅಷ್ಟೇ ವೇಗೋತ್ಕರ್ಷದಿಂದ ಓಡಿಸಲು ಮೂರರ ಅನುಪಾತದಲ್ಲಿ ಮೋಟರು ಇನ್ನೂ ಚುರುಕಾಗಿ ತಿರುಗಬೇಕು; ಹೀಗಾಗಿ ಸೆಕೆಂಡಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗ ಏರಿಸಲು ಎರಡರ ಅನುಪಾತದಲ್ಲಿ 0.12 ನ್ಯೂಟನ್-ಮೀಟರ್ ಸಾಕಾದರೆ ಮೂರರಲ್ಲಿ 0.23 ಬೇಕು. ಮೋಟರಿನ ಒಳಗೆ ತಿರುಗುವ ರೋಟರಿನ ಪಾಲನ್ನೂ ಮೋಟರಿನ ಚಿಕ್ಕ ಪುಲ್ಲಿಯ ಪಾಲನ್ನೂ ಇದಕ್ಕೆ ಸೇರಿಸಿಲ್ಲ. ಮೂರರ ಅನುಪಾತವೇ ಬೇಕೆನ್ನುವವರು ಲೇತಿನಲ್ಲಿ ಪುಲ್ಲಿಯ ಹೊಟ್ಟೆಯ ಲೋಹವನ್ನು ಕೆತ್ತಿ ತೆಳುವಾಗಿಸುವುದು ಒಳ್ಳೆಯದು, ಅದರಲ್ಲೂ ಅಂಚಿನ ಬಳಿಯದನ್ನು. ಉಕ್ಕಿನ ಪುಲ್ಲಿಯ ವಿಚಾರವನ್ನಂತೂ ಬಿಟ್ಟುಬಿಡಬೇಕು; ಅದೇ ಅಳತೆಗೆ ಅದರ ಜಡತ್ವ ಸುಮಾರು ಮೂರು ಪಟ್ಟು.

ಹಳೆಯ ಬ್ರಷ್ ಇರುವ ಡಿಸಿ ಸರ್ವೋ ಸಿಕ್ಕಿದವರು ಇನ್ನೊಂದು ಸಂಖ್ಯೆಯನ್ನು ಗಮನಿಸಬೇಕು. ಒಂದು ಆಂಪಿಯರಿಗೆ 0.1 ನ್ಯೂಟನ್-ಮೀಟರ್ ಕೊಡುವ ಮೋಟರು ತಿರುಗುವಾಗ ಸೆಕೆಂಡಿಗೆ ಒಂದು ರೇಡಿಯನ್ನಿಗೆ 0.1 ವೋಲ್ಟಿನಂತೆ ವಿದ್ಯುತ್ತನ್ನು ಹಿಂದಕ್ಕೆ ತಳ್ಳುತ್ತದೆ; ಈ ಎರಡು ಸ್ಥಿರಾಂಕಗಳು ಒಂದೇ. 3000 ಸುತ್ತಿನಲ್ಲಿ ಇದು 31 ವೋಲ್ಟನ್ನು ದಾಟುವುದರಿಂದ 36 ವೋಲ್ಟಿನ ಪೂರೈಕೆಯಲ್ಲಿ ಬಲಕ್ಕೆಂದು ಉಳಿಯುವುದು ಅತ್ಯಲ್ಪ. ಆಂಪಿಯರು ಬಲವನ್ನು ಕೊಟ್ಟರೆ ವೋಲ್ಟು ವೇಗವನ್ನು ಕೊಡುತ್ತದೆ. ಎನ್‌ಕೋಡರಿನ ಲೆಕ್ಕವೂ ಪುಲ್ಲಿಗೇ ತಳುಕು ಹಾಕಿಕೊಂಡಿದೆ. ಮೋಟರಿನ ಸುತ್ತನ್ನು ಎಣಿಸುವ ಸಾಧನ ಅದು. 500 ಗೆರೆಗಳ ಎನ್‌ಕೋಡರಿನಿಂದ ಗೆರೆಯೊಂದಕ್ಕೆ ನಾಲ್ಕರಂತೆ ಸುತ್ತಿಗೆ 2000 ಎಣಿಕೆ ಸಿಗುತ್ತದೆ. ಒಂದಕ್ಕೆ ಎರಡರ ಪುಲ್ಲಿಯಲ್ಲಿ ಒಂದು ಎಣಿಕೆಗೆ ಟೇಬಲ್ ಸಾಗುವುದು 0.00125 ಮಿ.ಮೀ. ಇದಕ್ಕಿಂತ ಸೂಕ್ಷ್ಮತೆಯನ್ನು ಬಯಸಿ ಗೆರೆಗಳನ್ನು ಹೆಚ್ಚಿಸಿದರೆ ಯಂತ್ರದ ನಿಖರತೆ ಹೆಚ್ಚುವುದಿಲ್ಲ. ಈ 2000 ಎಣಿಕೆಗೇ ಪೂರ್ಣ ವೇಗದಲ್ಲಿ ಸೆಕೆಂಡಿಗೆ ಒಂದು ಲಕ್ಷ ಮಿಡಿತಗಳನ್ನು ಕಳಿಸಬೇಕಾಗುತ್ತದೆ.

ಬೆಲ್ಟಿನ ಸಡಿಲದಿಂದ ಯಂತ್ರದ ನಿಖರತೆ ಕೆಡುತ್ತದೆ ಎಂಬ ಭಯ ಮಾತ್ರ ಅತಿಯಾಯಿತೆಂದು ನನಗನಿಸುತ್ತದೆ. ಹಲ್ಲಿನ ಬೆಲ್ಟು 1940ರ ದಶಕದಲ್ಲಿ ಹೊಲಿಗೆ ಯಂತ್ರದ ಸೂಜಿಯೂ ಬಾಬಿನ್ನೂ ಪರಸ್ಪರ ತಾಳ ತಪ್ಪದಂತೆ ಓಡಲೆಂದು ಹುಟ್ಟಿದ್ದು. ಆ ಕಾಲದ ಚಪ್ಪಟೆ ತಲೆಯ ಹಲ್ಲುಗಳಿರುವ ಎಕ್ಸ್‌ಎಲ್ ಬೆಲ್ಟು, 5.08 ಮಿ.ಮೀ. ಪಿಚ್ಚಿನದು, ದಿಕ್ಕು ಬದಲಾಗುವಾಗ ತುಸು ಅಲುಗುತ್ತದೆ ನಿಜ. ದುಂಡು ಹಲ್ಲಿನ ಎಚ್‌ಟಿಡಿ 5ಎಂ ಅಥವಾ ಅದರ ನಂತರದ ಜಿಟಿ ಬಗೆಯ ಬೆಲ್ಟುಗಳು ಭಾರವನ್ನು ಇನ್ನೂ ಚೆನ್ನಾಗಿ ಹೊರುತ್ತವೆ. ಆದರೆ ಬೆಲ್ಟಿನಲ್ಲಿ 0.1 ಮಿ.ಮೀ. ಸಡಿಲವಿದ್ದರೂ 40 ಹಲ್ಲಿನ ಪುಲ್ಲಿಯ ಸುತ್ತಳತೆ 200 ಮಿ.ಮೀ. ಇರುವುದರಿಂದ ಮತ್ತು ಆ ಸುತ್ತಿಗೆ ಟೇಬಲ್ ಸಾಗುವುದು ಬರೀ 5 ಮಿ.ಮೀ. ಆದ್ದರಿಂದ, ಟೇಬಲ್ಲಿನಲ್ಲಿ ಕಾಣುವ ದೋಷ 0.0025 ಮಿ.ಮೀ. ಮಾತ್ರ. ಬೆಲ್ಟೇ ನೇರವಾಗಿ ಭಾರವನ್ನು ಎಳೆಯುವ ಯಂತ್ರಗಳ ಅನುಭವವನ್ನು ಇಲ್ಲಿಗೆ ತರಬಾರದು. ಚಿಕ್ಕ ಪುಲ್ಲಿಯ ಆರು ಹಲ್ಲುಗಳಾದರೂ ಸದಾ ಬೆಲ್ಟಿನ ಹಿಡಿತದಲ್ಲಿರಬೇಕು, ಮೋಟರಿನ ತಟ್ಟೆಯಲ್ಲಿ ಬಿಗಿಮಾಡಿಕೊಳ್ಳಲು ಉದ್ದದ ತೂತುಗಳಿರಬೇಕು. ವೀಣೆಯ ತಂತಿಯಂತೆ ಬಿಗಿದರೆ ಮೋಟರಿನ ಬೇರಿಂಗು ಬೇಗ ಸವೆಯುತ್ತದೆ.

ನೆಟ್ಟಗೆ ನಿಂತ ಅಕ್ಷದಲ್ಲಿ ಮಾತ್ರ ಬೆಲ್ಟು ಕಡಿದರೆ ಅನಾಹುತವೇ. ಬಾಲ್ ಸ್ಕ್ರೂ ಹಿಮ್ಮುಖವಾಗಿಯೂ ಸುಲಭವಾಗಿ ತಿರುಗುವುದರಿಂದ 40 ಕಿಲೋಗ್ರಾಂ ತಲೆಭಾಗ ಸ್ಕ್ರೂವನ್ನು ತಿರುಗಿಸಿಕೊಂಡು ಕೆಳಗಿಳಿದುಬಿಡುತ್ತದೆ. ಬ್ರೇಕ್ ಇರುವ ಮೋಟರು ವಿದ್ಯುತ್ ಹೋದಾಗ ಕಾಪಾಡುತ್ತದೆಯೇ ಹೊರತು ಬೆಲ್ಟು ಕಡಿದಾಗಲ್ಲ. ಅದಕ್ಕೆ ಎದುರುತೂಕವನ್ನೋ ಗ್ಯಾಸ್ ಸ್ಪ್ರಿಂಗನ್ನೋ ಕಟ್ಟುವುದು ಮೇಲು.

ಪುಲ್ಲಿಯನ್ನು ಶಾಫ್ಟಿಗೆ ಹಿಡಿಸುವ ಬಗೆಯನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಒಂದೇ ಒಂದು ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಬಿಗಿದು ಕೂರಿಸಿದ್ದ ಯಂತ್ರದಲ್ಲಿ, ಬೆಳಿಗ್ಗೆ ಸರಿಯಾಗಿ ಬಂದ ತೂತುಗಳು ಮಧ್ಯಾಹ್ನದ ಹೊತ್ತಿಗೆ ಅರ್ಧ ಮಿ.ಮೀ. ಪಕ್ಕಕ್ಕೆ ಸರಿಯತೊಡಗಿದವು. ಮೋಟರನ್ನು ನಡೆಸುವ ಡ್ರೈವ್ ಯಾವ ದೋಷವನ್ನೂ ತೋರಿಸಲಿಲ್ಲ, ಏಕೆಂದರೆ ಮೋಟರಿನ ಬೆನ್ನಿಗಿರುವ ಎನ್‌ಕೋಡರಿಗೆ ಮೋಟರಿನ ಸುತ್ತು ಮಾತ್ರ ಗೊತ್ತು, ಪುಲ್ಲಿ ಜಾರಿದ್ದು ಗೊತ್ತಿಲ್ಲ. ಎರಡು ದಿನ ಡ್ರೈವಿನ ಹೊಂದಾಣಿಕೆಗಳನ್ನು ಕೆದಕಿ ಕೆಡಿಸಿದ ಮೇಲೆ, ಶಾಫ್ಟಿನ ತುದಿಯಿಂದ ಪುಲ್ಲಿಯ ಮುಖದವರೆಗೆ ಮಾರ್ಕರಿನಿಂದ ಒಂದು ಗೆರೆ ಎಳೆದು ಯಂತ್ರವನ್ನು ಓಡಿಸಿದೆ. ಸಂಜೆಗೆ ಗೆರೆ ಎರಡು ತುಂಡಾಗಿ, ಒಂದಕ್ಕೊಂದು ಎರಡು ಮಿ.ಮೀ. ದೂರ ನಿಂತಿದ್ದವು. ಶಾಫ್ಟನ್ನು ಸುತ್ತಲಿಂದಲೂ ಸಮನಾಗಿ ಹಿಡಿಯುವ ಟೇಪರ್ ಬುಷ್ ಹಾಕಿಸಿದ ನಂತರ ಎಳೆದ ಹೊಸ ಗೆರೆ ಈಗಲೂ ನೇರವಾಗಿಯೇ ಇದೆ, ಮೇಲೆ ಸ್ವಲ್ಪ ಎಣ್ಣೆ ಹಿಡಿದಿದೆ ಅಷ್ಟೆ.