ಗೊಂಬೆ ಕುಗ್ಗಿತು, ಬೆಳಕು ಕುಗ್ಗಲಿಲ್ಲ

ನಾನು ಬಣ್ಣ ಹಚ್ಚಿದ ಕಾವಲುಗಾರ ಗೊಂಬೆಯ ಎತ್ತರ 28 ಮಿಲಿಮೀಟರ್. ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಕಡು ನೀಲಿ ನಿಲುವಂಗಿ, ಅದಕ್ಕೊಂದು ತೆಳ್ಳನೆ ಕೆಂಪು ಅಂಚು, ಮುಂದೆ ಚಾಚಿದ ಕೈಯಲ್ಲಿ ಲಾಟೀನು. ಲಾಟೀನಿನ ಬೆಳಕು ಕೆನ್ನೆಗೆ ಬಿದ್ದಿದೆ ಅನ್ನಿಸುವ ಹಾಗೆ ಕಿತ್ತಳೆ ಬಣ್ಣವನ್ನು ಪದರದ ಮೇಲೆ ಪದರವಾಗಿ ಹಚ್ಚೋದಕ್ಕೇ ಮೂರು ಸಂಜೆ ಹಿಡಿಯಿತು. ಮುಗಿದ ಮೇಲೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಪರವಾಗಿಲ್ಲ, ಚೆನ್ನಾಗೇ ಬಂದಿದೆ ಅನ್ನಿಸಿತು. ಫೋನ್ ತೆಗೆದು ಕ್ಲಿಕ್ ಮಾಡಿ, ಪುಟಾಣಿ ಗೊಂಬೆಗಳಿಗೆ ಬಣ್ಣ ಹಚ್ಚುವ ಇದೇ ಹುಚ್ಚು ಹಿಡಿದ ನಾಲ್ಕಾರು ಗೆಳೆಯರಿಗೆ ಕಳಿಸಿದೆ.

‘ಮುಖಕ್ಕೆ ಇನ್ನೂ ಬಣ್ಣ ಹಚ್ಚಿಲ್ವಾ?’ ಅಂತ ಮೊದಲ ಉತ್ತರ ಬಂತು.

ಚಿತ್ರ ನೋಡಿದರೆ ಅವರದ್ದೇನೂ ತಪ್ಪಿಲ್ಲ. ಲಾಟೀನು ತಲೆಗಿಂತ ದೊಡ್ಡದಾಗಿತ್ತು. ಮುಖ ಮಂಕು. ಮೂರು ಸಂಜೆಯ ಕಿತ್ತಳೆ ಬೆಳಕು ಫ್ಲಾಶ್ ಹೊಡೆತಕ್ಕೆ ಎಲ್ಲೋ ಓಡಿಹೋಗಿತ್ತು. ಕೈಯಲ್ಲಿದ್ದ ಗೊಂಬೆಗೂ ಪರದೆಯಲ್ಲಿದ್ದ ಗೊಂಬೆಗೂ ಸಂಬಂಧವೇ ಇರಲಿಲ್ಲ.

ಕ್ಯಾಮೆರಾ ಸರಿಯಿಲ್ಲ ಅಂತ ಬೈದುಕೊಳ್ಳುವುದು ಸುಲಭ. ನಾನೂ ಬೈದೆ. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿದರೆ ವಿಷಯವೇ ಬೇರೆ. 170 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು 28 ಮಿಲಿಮೀಟರಿಗೆ ಇಳಿಸಿದ್ದಾರೆ. ಅಂದರೆ ಸುಮಾರು 60 ಪಟ್ಟು ಕುಗ್ಗಿಸಿದ್ದಾರೆ. ಅವನ ಜೊತೆಗೆ ಅವನ ಬೂಟು, ಗುಂಡಿ, ಲಾಟೀನು ಎಲ್ಲವೂ 60 ಪಟ್ಟು ಕುಗ್ಗಿವೆ. ಕುಗ್ಗದೆ ಉಳಿದದ್ದು ನನ್ನ ಬಲ್ಬು, ನನ್ನ ಲೆನ್ಸು, ಮೇಜಿನ ಮೇಲಿನ ದೂಳು, ಮತ್ತೆ ಬೆಳಕಿನ ಅಲೆಗಳು. ತಕರಾರೆಲ್ಲ ಶುರುವಾಗುವುದು ಇಲ್ಲಿಂದಲೇ. ಹಾಗಾಗಿ ಈಗ ನಾನು ಫೋಟೋ ತೆಗೆಯುವ ಮೊದಲು ಎಲ್ಲವನ್ನೂ 60ರಿಂದ ಗುಣಿಸಿ, ಕಾವಲುಗಾರನ ಕಣ್ಣಲ್ಲಿ ನೋಡುತ್ತೇನೆ.

ಮೊದಲು ಬಲ್ಬು. ಮೇಜಿನ ದೀಪದಲ್ಲಿ 6 ಸೆಂಟಿಮೀಟರ್ ಅಗಲದ ಬಲ್ಬು, ಗೊಂಬೆಯಿಂದ 30 ಸೆಂಟಿಮೀಟರ್ ದೂರ. 60ರಿಂದ ಗುಣಿಸಿ. ಕಾವಲುಗಾರನ ಪಾಲಿಗೆ ಅದು 18 ಮೀಟರ್ ಆಚೆ ತೂಗಾಡುತ್ತಿರುವ, ಮೂರೂವರೆ ಮೀಟರಿಗಿಂತ ಅಗಲದ ಬೆಂಕಿಯುಂಡೆ. ನಮಗೆ ಆಕಾಶದಲ್ಲಿ ಸೂರ್ಯ ಕಾಣುವುದು ಅರ್ಧ ಡಿಗ್ರಿ ಅಗಲಕ್ಕೆ. ಈ ಬಲ್ಬು ಅವನಿಗೆ ಕಾಣುವುದು ಹನ್ನೊಂದು ಡಿಗ್ರಿಗಿಂತ ಜಾಸ್ತಿ ಅಗಲಕ್ಕೆ, ಅಂದರೆ ಸೂರ್ಯನ 20 ಪಟ್ಟು. ಬೆಳಕಿನ ಮೂಲ ಅಗಲವಾದಷ್ಟೂ ನೆರಳಿನ ಅಂಚು ಕರಗುತ್ತದೆ. ಹಾಗಾಗಿ ಸುಮ್ನೆ ಮೇಜಿನ ಮೇಲೆ ನಿಲ್ಲಿಸಿದ ಗೊಂಬೆಯ ಮೇಲೆ, ಬಿಸಿಲಲ್ಲಿ ನಿಂತ ಮನುಷ್ಯನ ಮೇಲೆ ಬೀಳುವಂಥ ಗಟ್ಟಿ ನೆರಳು ಬೀಳುವುದೇ ಇಲ್ಲ. ಒಂದೇ ಬಣ್ಣ ಬಳಿದಿಟ್ಟರೆ ಪ್ಲಾಸ್ಟಿಕ್ ತುಂಡಿನ ಹಾಗೆ ಕಾಣುತ್ತದೆ.

ಬಣ್ಣ ಹಚ್ಚುವವರಿಗೆ ಇದು ಯಾವತ್ತೋ ಗೊತ್ತು. ಅದಕ್ಕೇ ಅವರು ನೆರಳನ್ನೂ ಬಣ್ಣದಲ್ಲೇ ಬರೆಯುತ್ತಾರೆ. ಬಟ್ಟೆಯ ಮಡಿಕೆಯೊಳಗೆ ಕಡು ಬಣ್ಣ, ಉಬ್ಬಿನ ಮೇಲೆ ತಿಳಿ ಬಣ್ಣ. ಭುಜ, ಹಣೆ, ಮೂಗಿನ ತುದಿಗೆ ಇನ್ನೂ ತಿಳಿ, ಬೆಳಕು ನೆತ್ತಿಯಿಂದ ಬೀಳುತ್ತಿದೆ ಅನ್ನುವ ಹಾಗೆ. ಒಟ್ಟಿನಲ್ಲಿ ಚೆನ್ನಾಗಿ ಬಣ್ಣ ಹಚ್ಚಿದ ಗೊಂಬೆಯ ಮೈಮೇಲೆ ಆಗಲೇ ಒಂದು ಬೆಳಕು ಇರುತ್ತದೆ. ನಾವು ಫೋಟೋಗೆ ಅಂತ ಇಡುವುದು ಎರಡನೇ ಬೆಳಕು. ಇವೆರಡು ಒಂದೇ ದಿಕ್ಕಿನಿಂದ ಬಂದರೆ ಸರಿ. ದೀಪವನ್ನು ಕೆಳಗಿನಿಂದಲೋ ಎದುರಿನಿಂದಲೋ ಇಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ. ಫೋನಿನ ಫ್ಲಾಶ್ ಮಾಡುವುದೂ ಇದನ್ನೇ. ಅದು ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಅದು ಹುಟ್ಟಿಸುವ ನೆರಳುಗಳೆಲ್ಲ ಗೊಂಬೆಯ ಬೆನ್ನ ಹಿಂದೆ ಅಡಗುತ್ತವೆ. ಬರೆದ ನೆರಳೂ ಮಾಸಿಹೋಗುತ್ತದೆ.

ಲಾಟೀನಿನ ಬೆಳಕಿನ ಕಥೆ ಇನ್ನೂ ಸೂಕ್ಷ್ಮ. ಬಣ್ಣಕ್ಕೆ ಸ್ವಂತ ಬೆಳಕಿಲ್ಲ. ಒಳ್ಳೆ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 90ರಷ್ಟನ್ನು ವಾಪಸ್ ಕಳಿಸಬಹುದು. ಹೊಳಪಿಲ್ಲದ ಕಪ್ಪು ನಾಲ್ಕೈದರಷ್ಟು. ಹಾಗಾಗಿ ಕುಂಚದ ಕೈಯಲ್ಲಿ ಇರುವುದು ಹೆಚ್ಚೂಕಮ್ಮಿ 20 ಪಟ್ಟಿನ ವ್ಯತ್ಯಾಸ ಮಾತ್ರ. ನಿಜವಾದ ಕತ್ತಲೆಗೂ ಲಾಟೀನಿಗೂ ಇರುವ ಅಂತರ ಸಾವಿರಾರು ಪಟ್ಟು. ಲಾಟೀನನ್ನು ಇದಕ್ಕಿಂತ ಬೆಳಗಿಸಲು ಆಗುವುದಿಲ್ಲ, ಉಳಿದದ್ದನ್ನು ಕತ್ತಲಾಗಿಸಬೇಕು. ಅದಕ್ಕೇ ಅಂಗಿ ಅಷ್ಟು ಕಡು ನೀಲಿ. ಆದರೆ ಕ್ಯಾಮೆರಾಗೆ ಈ ಉಪಾಯ ತಿಳಿಯದು. ಅದು ಯಾವ ದೃಶ್ಯ ಕಂಡರೂ ಸರಾಸರಿ ಹೊಳಪು ಮಧ್ಯಮ ಬೂದಿಯಷ್ಟಿರಬೇಕು ಅಂದುಕೊಳ್ಳುತ್ತದೆ. ಕಪ್ಪು ಬಟ್ಟೆಯ ಮುಂದೆ ಕಡು ನೀಲಿ ಗೊಂಬೆ ಕಂಡರೆ ‘ಅಯ್ಯೋ, ಕತ್ತಲು’ ಅಂತ ಇಡೀ ಚಿತ್ರವನ್ನು ಬೆಳಗಿಸಿಬಿಡುತ್ತದೆ. ಕತ್ತಲು ಹೋದರೆ ಲಾಟೀನೂ ಹೋಯಿತು. ಬಿಳಿ ಹಾಳೆಯ ಮುಂದೆ ಇದರ ಉಲ್ಟಾ, ಹಾಳೆ ಬೂದಿಯಾಗಿ ಮುಖ ಕಪ್ಪಾಗುತ್ತದೆ. ಪರದೆ ಮೇಲೆ ಬೆರಳಿಟ್ಟು ಹೊಳಪಿನ ಗೀಟನ್ನು ಕೆಳಗೋ ಮೇಲಕ್ಕೋ ಎಳೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಗೊಂಬೆಯ ಹಿಂದೆ ಬೂದು ಹಾಳೆ ಇಟ್ಟರೆ ಈ ರಗಳೆಯೇ ಕಡಿಮೆ. ನಾನಂತೂ ಕಪ್ಪು ಬಟ್ಟೆ ಬಿಟ್ಟೆ.

ಇನ್ನು ತಲೆಗಿಂತ ದೊಡ್ಡ ಲಾಟೀನು. ಗೊಂಬೆ ಚಿಕ್ಕದು ಅಂತ ಫೋನನ್ನು ಅದರ ಮೂಗಿಗೇ ಹಿಡಿದಿದ್ದೆ, ಮುಖದಿಂದ 5 ಸೆಂಟಿಮೀಟರಿಗೆ. ಚಾಚಿದ ಕೈ ಮುಖಕ್ಕಿಂತ 1 ಸೆಂಟಿಮೀಟರ್ ಮುಂದಿದೆ. ಅಂದರೆ ಲಾಟೀನು 4ರಲ್ಲಿ, ಮುಖ 5ರಲ್ಲಿ. ಲಾಟೀನು ನೂರಕ್ಕೆ 25ರಷ್ಟು ಉಬ್ಬಿತು. ಅದೇ 20 ಸೆಂಟಿಮೀಟರ್ ದೂರ ಸರಿದರೆ 19 ಮತ್ತು 20, ವ್ಯತ್ಯಾಸ ನೂರಕ್ಕೆ ಬರೀ 5. ಹಲವು ಫೋನುಗಳಲ್ಲಿ ಮುಖ್ಯ ಕ್ಯಾಮೆರಾ 5 ಸೆಂಟಿಮೀಟರಿನಷ್ಟು ಹತ್ತಿರಕ್ಕೆ ಫೋಕಸ್ ಮಾಡಲಾರದು. ನಮಗೆ ಹೇಳದೆ ಕೇಳದೆ ಅಗಲ ನೋಟದ ಇನ್ನೊಂದು ಲೆನ್ಸಿಗೆ ಹಾರಿಬಿಡುತ್ತದೆ. ಜೊತೆಗೆ ಫೋನೇ ಬೆಳಕಿಗೆ ಅಡ್ಡ ನಿಲ್ಲುತ್ತದೆ. ದೂರ ಸರಿದು, ಜಾಸ್ತಿ ಪಿಕ್ಸೆಲ್ ಕೊಡುವ ಮೋಡ್‌ನಲ್ಲಿ ತೆಗೆದು, ಆಮೇಲೆ ಕ್ರಾಪ್ ಮಾಡುವುದು ಮೇಲು. 50 ಮೆಗಾಪಿಕ್ಸೆಲ್ ಫೋನಿನಲ್ಲಿ 20 ಸೆಂಟಿಮೀಟರ್ ದೂರದಿಂದಲೂ ಗೊಂಬೆಯ ಎತ್ತರಕ್ಕೆ ಸುಮಾರು 700 ಪಿಕ್ಸೆಲ್ ಸಿಗುತ್ತವೆ.

ಹಾಗೇ ಫೋನಿನ ಎತ್ತರ. ಮೇಜಿನ ಮೇಲಿನ ಗೊಂಬೆಯನ್ನು ಕೂತಲ್ಲಿಂದಲೇ, 30 ಸೆಂಟಿಮೀಟರ್ ಮೇಲಿನಿಂದ ತೆಗೆಯುವುದು ಅಂದರೆ ಆರನೇ ಮಹಡಿಯಿಂದ ಇಣುಕಿದ ಹಾಗೆ. ಅಲ್ಲಿಂದ ಯಾರನ್ನು ನೋಡಿದರೂ ನೆತ್ತಿ ಮತ್ತು ಭುಜವೇ. ಗೊಂಬೆಯನ್ನು ಒಂದು ಡಬ್ಬಿಯ ಮೇಲೆ ಏರಿಸಿ, ಲೆನ್ಸನ್ನು ಅವನ ಎದೆಯ ಮಟ್ಟಕ್ಕೆ ಇಳಿಸಿದಾಗ ಮೊದಲ ಸಲ ಕಾವಲುಗಾರ ನನ್ನನ್ನು ನೋಡಿದ.

ಮಂಕು ಮುಖದ ಲೆಕ್ಕ ಮಾತ್ರ ನನಗೆ ಎಲ್ಲಕ್ಕಿಂತ ಇಷ್ಟ. ದೊಡ್ಡ ಕ್ಯಾಮೆರಾದಲ್ಲಿ 50 ಮಿಲಿಮೀಟರ್ ಲೆನ್ಸ್, ಅಪರ್ಚರ್ ಎಫ್ 2.8 ಅಂದುಕೊಳ್ಳಿ. ಬೆಳಕು ಒಳಗೆ ಹೋಗುವ ಕಿಂಡಿ ಸುಮಾರು 18 ಮಿಲಿಮೀಟರ್ ಅಗಲ. 60ರಿಂದ ಗುಣಿಸಿದರೆ ಒಂದು ಮೀಟರಿಗಿಂತ ಜಾಸ್ತಿ! ಒಂದು ಮೀಟರ್ ಅಗಲದ ಕಣ್ಣೊಂದು ನಿಮ್ಮ ಎದುರು ನಿಂತಿದೆ ಅಂತ ಊಹಿಸಿ. ಅದರ ಎಡ ಅಂಚಿನಿಂದ ನಿಮ್ಮ ಒಂದು ಕೆನ್ನೆ ಕಾಣುತ್ತದೆ, ಬಲ ಅಂಚಿನಿಂದ ಇನ್ನೊಂದು. ಈ ನೋಟಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಒಂದೇ ಚಿತ್ರ ಮಾಡಬೇಕು. ಫೋಕಸ್ ಮಾಡಿದ ದೂರದಲ್ಲಿ ಮಾತ್ರ ಅವು ಸರಿಯಾಗಿ ಕೂಡುತ್ತವೆ. ಹಿಂದೆ ಮುಂದೆ ಎಲ್ಲ ಕದಡುತ್ತದೆ. ಬೆಳಕು ಹಿಡಿಯುವ 36 ಮಿಲಿಮೀಟರ್ ಅಗಲದ ಸೆನ್ಸರ್ ಮೇಲೆ ಗೊಂಬೆ ತನ್ನ ಅರ್ಧ ಗಾತ್ರಕ್ಕೆ ಬೀಳುವಷ್ಟು ಹತ್ತಿರ ಹೋದಾಗ, ಸ್ಪಷ್ಟವಾಗಿ ಕಾಣುವ ಆಳ ಬರೀ 1 ಮಿಲಿಮೀಟರ್. ಮೂಗು ಸಿಕ್ಕರೆ ಕಿವಿ ಇಲ್ಲ. ಫೋನಿನ ಕಿಂಡಿ ಇದಕ್ಕಿಂತ ಬಹಳ ಚಿಕ್ಕದು, ಅದಕ್ಕೇ ಈ ಕೆಲಸದಲ್ಲಿ ಫೋನು ಕೆಲವೊಮ್ಮೆ ದುಬಾರಿ ಕ್ಯಾಮೆರಾವನ್ನೇ ಮೀರಿಸುತ್ತದೆ. ನನ್ನ ಫೋಟೋದಲ್ಲಿ ಮುಖ ಮಂಕಾಗಿದ್ದು ಫೋನು ತೀರಾ ಹತ್ತಿರವಿದ್ದು, ಲಾಟೀನಿಗೆ ಫೋಕಸ್ ಕಚ್ಚಿಕೊಂಡಿದ್ದರಿಂದ.

ದೊಡ್ಡ ಕ್ಯಾಮೆರಾದವರು ಕಿಂಡಿ ಕಿರಿದು ಮಾಡುತ್ತಾರೆ. ಎಫ್ ಅಂಕಿ ಏರಿದಷ್ಟೂ ಕಿಂಡಿ ಕಿರಿದು. ಎಫ್ 16ಕ್ಕೆ ಇಳಿಸಿದರೆ ಆ ಆಳ ಸುಮಾರು 6 ಮಿಲಿಮೀಟರಿಗೆ ಏರುತ್ತದೆ. ಇನ್ನೂ ಇಳಿಸೋಣ ಅಂದರೆ ಅಲ್ಲಿ ಬೆಳಕೇ ತಡೆಯುತ್ತದೆ. ಬೆಳಕು ಅಲೆ. ಕಿರಿದಾದ ಕಿಂಡಿಯಲ್ಲಿ ತೂರಿದಾಗ ಅದು ಅಂಚುಗಳಲ್ಲಿ ಬಾಗಿ ಹರಡುತ್ತದೆ. ಎಫ್ 22ರಲ್ಲಿ, ಇಷ್ಟು ಹತ್ತಿರದಲ್ಲಿ, ಸೂಜಿಮೊನೆಯಂಥ ಚುಕ್ಕೆಯೂ ಸೆನ್ಸರ್ ಮೇಲೆ 0.04 ಮಿಲಿಮೀಟರ್ ಅಗಲದ ಮಚ್ಚೆಯಾಗುತ್ತದೆ. 24 ಮೆಗಾಪಿಕ್ಸೆಲ್ ಸೆನ್ಸರಿನ ಒಂದು ಪಿಕ್ಸೆಲ್ 0.006 ಮಿಲಿಮೀಟರ್. ಒಂದು ಚುಕ್ಕೆ ಏಳು ಪಿಕ್ಸೆಲ್ ಅಗಲಕ್ಕೆ ಹರಡಿದರೆ ಎಲ್ಲವೂ ಸಮಾನವಾಗಿ ಮಂಕು! ಹಸಿರು ಬೆಳಕಿನ ಅಲೆಯ ಉದ್ದ ಸುಮಾರು 0.00055 ಮಿಲಿಮೀಟರ್. ಗೊಂಬೆ ಚಿಕ್ಕದು ಅಂತ ಅದೇನೂ ಚಿಕ್ಕದಾಗುವುದಿಲ್ಲವಲ್ಲ.

ಇದಕ್ಕೊಂದು ದಾರಿ ಇದೆ. ಎಫ್ 8ರಲ್ಲಿ ಟ್ರೈಪಾಡ್ ಮೇಲಿಟ್ಟು, ಲಾಟೀನಿನಿಂದ ಬೆನ್ನಿನವರೆಗೆ ಫೋಕಸ್ಸನ್ನು ಚೂರುಚೂರೇ ಸರಿಸುತ್ತಾ ಎಂಟು ಹತ್ತು ಚಿತ್ರ ತೆಗೆಯುವುದು. ಆಮೇಲೆ ಪ್ರತಿ ಚಿತ್ರದ ಸ್ಪಷ್ಟ ಭಾಗವನ್ನು ಮಾತ್ರ ಹೆಕ್ಕಿ ತಂತ್ರಾಂಶ ಒಂದೇ ಚಿತ್ರ ಹೆಣೆಯುತ್ತದೆ. ಫೋಕಸ್ ಸ್ಟ್ಯಾಕಿಂಗ್ ಅನ್ನುತ್ತಾರೆ. ಒಂದು ತಮಾಷೆಯೆಂದರೆ, ಹೀಗೆ ತಲೆಯಿಂದ ಕಾಲಿನವರೆಗೆ ಸ್ಪಷ್ಟವಾದ ಗೊಂಬೆ, ಗೊಂಬೆಯ ಹಾಗೆ ಕಾಣುವುದೇ ಇಲ್ಲ. ನಿಜ ಗಾತ್ರದ ಮನುಷ್ಯನ ಹಾಗೆ ಕಾಣುತ್ತದೆ. ಮಂಕು ಜಾಸ್ತಿಯಿದ್ದರೆ ವಸ್ತು ಹತ್ತಿರವಿದೆ, ಚಿಕ್ಕದಿದೆ ಅಂತ ಮಿದುಳು ಲೆಕ್ಕ ಹಾಕುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಈ ಬಗ್ಗೆ ಪ್ರಬಂಧವನ್ನೇ ಪ್ರಕಟಿಸಿದರು. ನಿಜವಾದ ಊರಿನ ಫೋಟೋಗೆ ಮೇಲೆ ಕೆಳಗೆ ಮಂಕು ಬಳಿದರೆ ಅದು ಆಟಿಕೆ ಊರಾಗಿ ಕಾಣುವುದು ಇದೇ ಕಾರಣಕ್ಕೆ. ಕಾವಲುಗಾರ ಗೊಂಬೆಯಾಗಿಯೇ ಕಾಣಲಿ ಅಂತ ನನ್ನ ಆಸೆ. ಆದ್ದರಿಂದ ಬೆನ್ನು ಚೂರು ಮಂಕಾಗಿದ್ದರೆ ನನಗೆ ಬೇಜಾರಿಲ್ಲ.

ಬಣ್ಣದ ವಿಷಯಕ್ಕೆ ಎರಡೇ ಮಾತು. ಕಿಟಕಿ ಬೆಳಕು ನೀಲಿ ಕಡೆ ವಾಲುತ್ತದೆ, ಹಳದಿ ಬಲ್ಬು ಕಿತ್ತಳೆ ಕಡೆ. ಎರಡನ್ನೂ ಬೆರೆಸಿದರೆ, ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಕ್ಯಾಮೆರಾ ಮಾಡುವ ಯಾವ ವೈಟ್ ಬ್ಯಾಲೆನ್ಸೂ ಸರಿಪಡಿಸಲಾರದು, ಒಂದನ್ನು ಆರಿಸಿ. ಅಗ್ಗದ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಗಾಢ ಕೆಂಪು ಕಡಿಮೆ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಯಾವ ಬಣ್ಣ ತಾನೇ ವಾಪಸ್ ಕಳಿಸೀತು? ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ, 90ಕ್ಕಿಂತ ಮೇಲಿದ್ದರೆ ಕೊಳ್ಳಬಹುದು.

ಇಷ್ಟೆಲ್ಲ ಮಾಡಿ ತೆಗೆದ ಚಿತ್ರವೂ ಅಪ್‌ಲೋಡ್ ಆಗುವಾಗ ಕೊನೆಯ ಪೆಟ್ಟು ತಿನ್ನುತ್ತದೆ. ನನ್ನ ಕೆಂಪು ಅಂಚು ಹೋದದ್ದು ಅಲ್ಲಿ. ಫೋನಿನಲ್ಲಿ ಚೆನ್ನಾಗೇ ಇತ್ತು. ಗೆಳೆಯರ ಪರದೆಯಲ್ಲಿ ಕೊಳೆ ಬಿದ್ದ ನೇರಳೆ ಗೆರೆ. ಆನ್‌ಲೈನ್ ಫೋಟೋಗಳು ಸಾಮಾನ್ಯವಾಗಿ ಜೆಪೆಗ್ ಅನ್ನುವ, ಫೈಲನ್ನು ಚಿಕ್ಕದು ಮಾಡುವ ರೂಪದಲ್ಲಿರುತ್ತವೆ. 1992ರ ಈ ಮಾನದಂಡದ ಬೆನ್ನೆಲುಬು, ಸಂಶೋಧಕರಾದ ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ 1974ರಲ್ಲಿ ಪ್ರಕಟಿಸಿದ ಒಂದು ಗಣಿತ ವಿಧಾನ. ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ನಿಧಾನವಾಗಿ ಏರಿಳಿಯುವ ಅಲೆ, ಚುರುಕಾಗಿ ಏರಿಳಿಯುವ ಅಲೆ ಅಂತ ಬಿಡಿಸುತ್ತಾರೆ. ಕಣ್ಣಿಗೆ ಅಷ್ಟಾಗಿ ಬೇಡದ ಚುರುಕು ಅಲೆಗಳನ್ನು ಒರಟಾಗಿ ಬರೆದಿಡುತ್ತಾರೆ, ಇಲ್ಲವೇ ಬಿಟ್ಟೇ ಬಿಡುತ್ತಾರೆ. ಅದಕ್ಕೂ ಮೊದಲೇ ಇನ್ನೊಂದು ಉಳಿತಾಯ ನಡೆದಿರುತ್ತದೆ. ನಮ್ಮ ಕಣ್ಣು ಹೊಳಪಿನ ವ್ಯತ್ಯಾಸವನ್ನು ಹಿಡಿದಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸ ಹಿಡಿಯುವುದಿಲ್ಲ. ಅದಕ್ಕೇ ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ ಉಳಿಸಿ, ಬಣ್ಣವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಹಂಚುತ್ತಾರೆ.

ಮರ ಗಿಡ, ಮದುವೆ ಫೋಟೋಗಳಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಕಡು ನೀಲಿಯ ಪಕ್ಕದ ಕೆಂಪು ಗೆರೆಯನ್ನು ಯೋಚಿಸಿ. ಹೊಳಪಿನಲ್ಲಿ ಅವೆರಡಕ್ಕೂ ಅಂತರ ಕಡಿಮೆ, ಇರುವ ವ್ಯತ್ಯಾಸವೆಲ್ಲ ಬಣ್ಣದ್ದೇ. ಅಪ್‌ಲೋಡ್ ಆಗುವಾಗ ಚಿತ್ರ ಕುಗ್ಗಿದ ಮೇಲೆ ಆ ಗೆರೆ ಎರಡು ಪಿಕ್ಸೆಲ್ ಅಗಲ ಉಳಿದಿದೆ. ನಾಲ್ಕಕ್ಕೆ ಒಂದೇ ಬಣ್ಣ ಅಂದಾಗ ಕೆಂಪು ನೀಲಿಯೊಳಕ್ಕೆ, ನೀಲಿ ಕೆಂಪಿನೊಳಕ್ಕೆ ಸೋರಿತು. ಇದಕ್ಕೆ ಪೂರ್ತಿ ಮದ್ದಿಲ್ಲ. ಗೊಂಬೆಯ ಸುತ್ತಲ ಖಾಲಿ ಜಾಗವನ್ನು ಬಿಗಿಯಾಗಿ ಕತ್ತರಿಸಿದರೆ ಗೆರೆಗೆ ಜಾಸ್ತಿ ಪಿಕ್ಸೆಲ್ ಸಿಗುತ್ತವೆ. ಒಬ್ಬರು ಕಳಿಸಿದ್ದನ್ನು ಉಳಿಸಿ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ ಅಂತ ಮಾಡಿದರೆ ಪ್ರತಿ ಸಲವೂ ಚಿತ್ರ ಸವೆಯುತ್ತದೆ. ಮೂಲ ಫೈಲನ್ನೇ ಕಳಿಸುವುದು ಒಳ್ಳೆಯದು. ಹಾಗೆ ಕಳಿಸುವಾಗ ಚಿತ್ರದೊಳಗೆ ನಿಮ್ಮ ಮನೆಯ ಜಾಗದ ವಿವರವೂ ಸೇರಿರಬಹುದು, ಅದನ್ನು ಆಫ್ ಮಾಡಿರಿ.

ಎರಡನೇ ಸಲ ಸಾವಕಾಶವಾಗಿ ಕೂತೆ. ಬೂದು ಹಾಳೆ. ಬಲ್ಬಿನ ಮುಂದೆ ಟ್ರೇಸಿಂಗ್ ಪೇಪರ್, ದೀಪ ತಲೆಯ ಮೇಲೆ, ಲಾಟೀನಿನ ಕಡೆಗೆ ಚೂರು ವಾಲಿಸಿ. ಫೋನು ಎದೆ ಮಟ್ಟದಲ್ಲಿ, ಎರಡು ಸೆಕೆಂಡಿನ ಟೈಮರ್. ಹೊಳಪಿನ ಗೀಟು ಒಂದಿಷ್ಟು ಕೆಳಗೆ. ಫೋಕಸ್ ಕಣ್ಣಿಗೆ. ಕೆನ್ನೆಯ ಮೇಲೆ ಕಿತ್ತಳೆ ಬೆಳಕು ವಾಪಸ್ ಬಂದಿತ್ತು. ಕಳಿಸಿದೆ.

ಆದರೆ ಇಷ್ಟು ಸ್ಪಷ್ಟ ಚಿತ್ರಕ್ಕೂ ಒಂದು ಬೆಲೆ ಇದೆ. 30 ಸೆಂಟಿಮೀಟರ್ ದೂರದಿಂದ ಒಳ್ಳೆ ಕಣ್ಣಿಗೂ ಸುಮಾರು 0.09 ಮಿಲಿಮೀಟರಿಗಿಂತ ಚಿಕ್ಕ ವಿವರ ಬಿಡಿಸಿ ಕಾಣುವುದು ಕಷ್ಟ. ಗೊಂಬೆಗೆ ಬಣ್ಣ ಹಚ್ಚಿದ್ದು ಆ ಕಣ್ಣಿಗಾಗಿ. ಅದನ್ನೇ ಪರದೆ ಮೇಲೆ ಏಳು ಪಟ್ಟು ಹಿಗ್ಗಿಸಿದರೆ, ನಾನು ಕಂಡೇ ಇರದ ತಪ್ಪುಗಳು ಅರ್ಧ ಮಿಲಿಮೀಟರಿಗಿಂತ ದೊಡ್ಡದಾಗಿ ಎದ್ದು ನಿಲ್ಲುತ್ತವೆ. ಮೊಸರಲ್ಲಿ ಕಲ್ಲು ಹುಡುಕುವವರಿಗೆ ಹಬ್ಬ.

ಈ ಸಲ ಯಾರೂ ಮುಖದ ಬಗ್ಗೆ ಮಾತೆತ್ತಲಿಲ್ಲ. ‘ಲಾಟೀನು ಸೂಪರ್. ಭುಜದ ಮೇಲೆ ಆ ಹಗ್ಗ ಯಾಕೆ?’ ಅಂತ ಒಬ್ಬ ಕೇಳಿದ.

ಹಗ್ಗವೇ? ಗೊಂಬೆ ಎತ್ತಿ ಬೆಳಕಿಗೆ ಹಿಡಿದೆ. ನನ್ನದೇ ತಲೆಗೂದಲು, ವಾರ್ನಿಷ್‌ಗೆ ಅಂಟಿಕೊಂಡಿತ್ತು. ದಪ್ಪ 0.07 ಮಿಲಿಮೀಟರ್. 60ರಿಂದ ಗುಣಿಸಿ ನೋಡಿದೆ. ನಾಲ್ಕು ಮಿಲಿಮೀಟರಿಗೂ ಜಾಸ್ತಿ. ಕಾವಲುಗಾರನಿಗೆ ಅದು ಹಗ್ಗವೇ.