3000 ಫೋಟೋ ಮುಂದೆ ಕೂತಾಗ

ಆಷಾಢ ಬಂತೆಂದರೆ ನಮ್ಮ ಬಾಗಲಕೋಟೆ ಕಡೆ ಮದುವೆಗಳು ನಿಲ್ಲುತ್ತವೆ. ಫೋಟೋಗ್ರಾಫರ್‌ಗಳಿಗೂ ಇನ್ನು ಆರಾಮ ಅಂತ ಜನ ತಿಳಿಯುತ್ತಾರೆ. ಎಲ್ಲಿಯ ಆರಾಮ? ವೈಶಾಖ, ಜ್ಯೇಷ್ಠದಲ್ಲಿ ತೆಗೆದ ಮದುವೆಗಳೆಲ್ಲ ಹಾರ್ಡ್ ಡಿಸ್ಕ್‌ನಲ್ಲಿ ಸಾಲಾಗಿ ಕೂತಿರುತ್ತವೆ. ಇತ್ತ ಫೋನ್. "ಸರ, ಮಗಳು ಗಂಡನ ಮನಿಗೆ ಹೋಗಿ ತಿಂಗಳಾತು, ಆಲ್ಬಮ್ ಯಾವಾಗ ಕೊಡ್ತೀರಿ?"

ಹೊಸದಾಗಿ ಸ್ಟುಡಿಯೋ ಹಾಕಿದ ಹುಡುಗರು ನನ್ನ ಹತ್ತಿರ ಬಂದಾಗ ಕ್ಯಾಮೆರಾ, ಲೆನ್ಸ್ ಬಗ್ಗೆ ಕೇಳುವುದು ಕಡಿಮೆ. "ಎರಡು ದಿನ ನಿಂತು ಶೂಟಿಂಗ್ ಬೇಕಾದ್ರ ಮಾಡ್ತೀನ್ರಿ, ಎಡಿಟಿಂಗ್‌ಗೆ ಕೂತ್ರ ತಲಿ ಕೆಡ್ತದ" ಅನ್ನುತ್ತಾರೆ. ನಾನು ಅವರ ಪಕ್ಕ ಕೂತು ಅವರು ಹೇಗೆ ಮಾಡುತ್ತಾರೆ ಅಂತ ಸುಮ್ನೆ ನೋಡುತ್ತೇನೆ. ಬಹಳಷ್ಟು ಜನ ಮಾಡುವುದು ಒಂದೇ ರೀತಿ. ಮೊದಲನೇ ಫೋಟೋ ತೆರೆಯುತ್ತಾರೆ. ಬೆಳಕು ಸರಿ ಮಾಡುತ್ತಾರೆ, ಬಣ್ಣ ತಿದ್ದುತ್ತಾರೆ, ಕ್ರಾಪ್ ಮಾಡುತ್ತಾರೆ, ಮೊಡವೆ ತೆಗೆಯುತ್ತಾರೆ. ಆಮೇಲೆ ಎರಡನೇ ಫೋಟೋ.

ಎರಡು ಕ್ಯಾಮೆರಾ, ಎರಡು ದಿನದ ಮದುವೆ ಅಂದರೆ 3000 ಫೋಟೋ ಸಹಜ. ಒಂದಕ್ಕೆ ಎರಡು ನಿಮಿಷ ಹಿಡಿದರೂ 100 ಗಂಟೆ. ಆದರೆ ಬೇಜಾರು ಬರುವುದು ಗಂಟೆಗಳ ಲೆಕ್ಕಕ್ಕಲ್ಲ. ಪ್ರತಿ ಫೋಟೋ ನಿಮಗೆ ಐದು ಪ್ರಶ್ನೆ ಕೇಳುತ್ತದೆ. ಇಟ್ಟುಕೊಳ್ಳಲಾ ಬಿಡಲಾ? ಬೆಳಕು ಸಾಕಾ? ಬಣ್ಣ ಸರಿಯಾ? ಎಲ್ಲಿ ಕತ್ತರಿಸಲಿ? ಮುಖಕ್ಕೆ ಏನಾದರೂ ಮಾಡಬೇಕಾ? ಐದಕ್ಕೂ ಒಟ್ಟಿಗೆ ಉತ್ತರ ಹುಡುಕುತ್ತ ಹೋದರೆ 200 ಫೋಟೋ ದಾಟುವಷ್ಟರಲ್ಲಿ ತಲೆ ಓಡುವುದಿಲ್ಲ. ಅದಕ್ಕೇ ನಾನು ಹೇಳುವುದು: ಒಂದು ಸಲ ಕೂತರೆ ಒಂದೇ ಪ್ರಶ್ನೆ.

ಮೊದಲು ಆರಿಸುವ ಕೆಲಸ. ನಮ್ಮ ಮನೆಗಳಲ್ಲಿ ಜೋಳ ಹಸನು ಮಾಡುವವರನ್ನು ನೋಡಿದ್ದೀರಲ್ಲ, ಕೈ ನಿಲ್ಲುವುದೇ ಇಲ್ಲ. ಒಂದೊಂದು ಕಾಳನ್ನೂ ಎತ್ತಿ ಹಿಡಿದು ಯೋಚಿಸುತ್ತ ಯಾರೂ ಕೂರುವುದಿಲ್ಲ. ಇದೂ ಹಂಗೇ. ಫೋಟೋ ಆರಿಸಿ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಕ್ಯಾಪ್ಸ್ ಲಾಕ್ ಆನ್ ಮಾಡಿಡಿ. 'ಪಿ' ಒತ್ತಿದರೆ ಫೋಟೋ ಆಯ್ಕೆ, 'ಎಕ್ಸ್' ಒತ್ತಿದರೆ ತಿರಸ್ಕಾರ, ಮುಂದಿನ ಫೋಟೋ ತಾನೇ ಬರುತ್ತದೆ. ಇಂಪೋರ್ಟ್ ಮಾಡುವಾಗ ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ಒಳಗೇ ಇರುವ ಪ್ರಿವ್ಯೂ ಬಳಸುವ ಆಯ್ಕೆ ಹಾಕಿಕೊಂಡರೆ ಪ್ರತಿ ಫೋಟೋಗೂ ಕಾಯುವುದು ತಪ್ಪುತ್ತದೆ. ಒಂದಕ್ಕೆ ಮೂರು ಸೆಕೆಂಡ್ ಅಂದರೆ 3000 ಫೋಟೋ ಎರಡೂವರೆ ಗಂಟೆಯಲ್ಲಿ ಮುಗಿಯುತ್ತವೆ. ಈ ಹೊತ್ತಿನಲ್ಲಿ ಬೆಳಕು, ಬಣ್ಣ ತಿದ್ದುವ ಯಾವ ಸ್ಲೈಡರ್‌ಗೂ ಕೈ ಹಾಕಬಾರದು. ಕೈ ತುರಿಸುತ್ತದೆ, ಆದರೂ ಬೇಡ. ಗ್ರೂಪ್ ಫೋಟೋ ಐದಾರು ಇದ್ದರೆ ನಾನು ಕೊನೆಯದನ್ನು ಮೊದಲು ನೋಡುತ್ತೇನೆ. ಅಷ್ಟೊತ್ತಿಗೆ ಎಲ್ಲರೂ ಸರಿಯಾಗಿ ನಿಂತಿರುತ್ತಾರೆ, ಹುಡುಗರ ಗದ್ದಲ ನಿಂತಿರುತ್ತದೆ.

ಈಗ ಈ ಆರಿಸುವ ಕೆಲಸವನ್ನೂ ಎಐಗೆ ಒಪ್ಪಿಸುವ ಸಾಫ್ಟ್‌ವೇರ್‌ಗಳು ಬಂದಿವೆ. ಮಸುಕಾದದ್ದು, ಕಣ್ಣು ಮುಚ್ಚಿದ್ದು, ಒಂದರಂತೆ ಇನ್ನೊಂದು ಇರುವುದು, ಎಲ್ಲ ಬೇರೆ ಮಾಡಿ ಕೊಡುತ್ತವೆ. ಮಸುಕಾದದ್ದನ್ನು ಹುಡುಕಲು ಬಳಸಿ, ತಪ್ಪಿಲ್ಲ. ಆದರೆ ನಮ್ಮ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತು ನೆನಪು ಮಾಡಿಕೊಳ್ಳಿ. ನಾಲ್ಕೂ ಕಡೆಯಿಂದ ಅಕ್ಕಿ ಮುಖಕ್ಕೆ ಬೀಳುವಾಗ ಗಂಡು ಹೆಣ್ಣು ಇಬ್ಬರೂ ಕಣ್ಣು ಮುಚ್ಚುತ್ತಾರೆ. ಇಡೀ ಮದುವೆಯ ಮುಖ್ಯ ಫೋಟೋ ಅದೇ. ಯಂತ್ರದ ಲೆಕ್ಕದಲ್ಲಿ ಅದು ಕೆಟ್ಟ ಫೋಟೋ. ಮಗಳನ್ನು ಕಳಿಸುವಾಗ ಮುಖ ಮುರಿದುಕೊಂಡು ಅಳುವ ಅವ್ವನೂ ಅದಕ್ಕೆ ಕೆಟ್ಟ ಫೋಟೋನೇ. ಹಾಗಾಗಿ ಯಂತ್ರ ಬೇಡ ಅಂದದ್ದನ್ನು ಒಂದು ಸಲ ನೀವೇ ನೋಡಿ ಆಮೇಲೆ ಬಿಡಿ.

ಎರಡನೆಯದು ಬೆಳಕು ಮತ್ತು ಬಣ್ಣ. ಇಲ್ಲಿ ಅರ್ಧ ಬೇಜಾರು ಮಂಟಪದಲ್ಲೇ ಹುಟ್ಟಿರುತ್ತದೆ. ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಹೊಂದಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಅದು ಪ್ರತಿ ಫ್ರೇಮಿಗೂ ಹೊಸ ಲೆಕ್ಕ ಹಾಕುತ್ತದೆ. ಅರಿಶಿಣ ಹಚ್ಚುವಾಗ ಫ್ರೇಮಿನ ತುಂಬ ಹಳದಿ, ಅದನ್ನು ತಗ್ಗಿಸಲು ಹೋಗಿ ಉಳಿದದ್ದಕ್ಕೆಲ್ಲ ನೀಲಿ ಬಳಿಯುತ್ತದೆ. ಮುಂದಿನ ಫ್ರೇಮಿನಲ್ಲಿ ಯಾರೋ ಬಿಳಿ ಪಂಚೆಯವರು ಬಂದು ನಿಂತರೆ ಬಣ್ಣ ಮತ್ತೆ ಬದಲು. ಹೀಗಿರುವ 300 ಫೋಟೋಗಳಿಗೆ ಒಂದೇ ಸೆಟ್ಟಿಂಗ್ ಸಿಂಕ್ ಮಾಡಲು, ಅಂದರೆ ಒಂದರ ತಿದ್ದುಪಡಿ ಎಲ್ಲಕ್ಕೂ ಹಚ್ಚಲು, ಬರುವುದಿಲ್ಲ, ಒಂದೊಂದನ್ನೇ ತಿದ್ದಬೇಕು. ಆಟೋ ಬದಲು, ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್‌ನಲ್ಲಿ ಒಂದು ಅಂಕಿ ಇಟ್ಟುಬಿಡಿ. ಹೊರಗಿನ ಬಿಸಿಲಿಗೆ 5500ರ ಆಸುಪಾಸು, ಒಳಗಿನ ಹಳದಿ ಬಲ್ಬಿಗೆ 3000ದ ಹತ್ತಿರ. ಅಂಕಿ ಸ್ವಲ್ಪ ತಪ್ಪಾದರೂ ಚಿಂತೆಯಿಲ್ಲ. ಎಲ್ಲ ಫೋಟೋದಲ್ಲೂ ಒಂದೇ ಥರ ತಪ್ಪಿದ್ದರೆ ಒಂದನ್ನು ತಿದ್ದಿ ಉಳಿದದ್ದಕ್ಕೆ ಹಂಚಬಹುದು. ಬೆಳಕು ಬದಲಾದಾಗಲೆಲ್ಲ ಒಂದು ಗ್ರೇ ಕಾರ್ಡ್ (ಬಣ್ಣ ಹೊಂದಿಸಲು ಬಳಸುವ ಬೂದು ಕಾರ್ಡ್) ಫೋಟೋ ಹೊಡೆದುಕೊಂಡರೆ ಇನ್ನೂ ಸಲೀಸು. ಎರಡೂ ಕ್ಯಾಮೆರಾದ ಗಡಿಯಾರವನ್ನೂ ಹೊರಡುವ ಮುಂಚೆ ಒಂದೇ ಸಮಯಕ್ಕೆ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಫೋಟೋಗಳ ಸಾಲು ಕದಡಿ, ತಾಳಿ ಕಟ್ಟಿದ ಮೇಲೆ ಸುರಗಿ ನೀರು (ತಾಳಿಗೆ ಮುಂಚಿನ ಸ್ನಾನದ ಶಾಸ್ತ್ರ) ಬರುತ್ತದೆ.

ಇನ್ನೊಂದು ಕಾಟ ಮಂಟಪದ ಅಗ್ಗದ ಎಲ್‌ಇಡಿ ದೀಪಗಳದ್ದು. ನಮ್ಮ ಕರೆಂಟು 50 ಹರ್ಟ್ಸ್. ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗ ಜಾಸ್ತಿ ಇದ್ದರೆ ಫೋಟೋದಲ್ಲಿ ಅಡ್ಡ ಪಟ್ಟಿ ಬೀಳುತ್ತದೆ. ಆ ಪಟ್ಟಿ ತೆಗೆಯುವುದರಷ್ಟು ತಲೆನೋವಿನ ಕೆಲಸ ಎಡಿಟಿಂಗ್‌ನಲ್ಲಿ ಇನ್ನೊಂದಿಲ್ಲ. ಶಟರ್ 1/50 ಅಥವಾ 1/100 ಸೆಕೆಂಡಿನಲ್ಲಿ ಇಟ್ಟು ತೆಗೆದರೆ ಆ ತೊಂದರೆ ಬರುವುದಿಲ್ಲ.

ಎಡಿಟಿಂಗ್‌ಗೆ ಕೂತಾಗ ಫೋಟೋಗಳನ್ನು ಬೆಳಕಿನ ಪ್ರಕಾರ ಗುಂಪು ಮಾಡಿ. ಅಂಗಳದ ಶಾಮಿಯಾನ ಒಂದು, ಸ್ಟೇಜ್ ಒಂದು, ಊಟದ ಪಂಕ್ತಿ ಒಂದು. ಗುಂಪಿಗೊಂದು ಫೋಟೋ ಮನಸ್ಸಿಟ್ಟು ತಿದ್ದಿ, ಸಿಂಕ್ ಮಾಡಿ. ಒಂದೇ ಬೆಳಕಿನಲ್ಲಿ ತೆಗೆದರೂ ಕ್ಯಾಮೆರಾ ಸೆಟ್ಟಿಂಗ್ ಬದಲಾಗಿ ಕೆಲವು ಫೋಟೋ ಬೆಳ್ಳಗೆ, ಕೆಲವು ಕಪ್ಪಗೆ ಬಂದಿದ್ದರೆ ಅವನ್ನು ಸಮ ಮಾಡುವ 'ಮ್ಯಾಚ್ ಟೋಟಲ್ ಎಕ್ಸ್‌ಪೋಶರ್ಸ್' ಅನ್ನುವ ಆಯ್ಕೆ ಇದೆ, ಬಹಳ ಜನ ಅದನ್ನು ಒಮ್ಮೆಯೂ ಒತ್ತಿರುವುದಿಲ್ಲ. ಹಾಗಂತ ಎಲ್ಲ ಬಣ್ಣವನ್ನೂ ತೊಳೆಯಲು ಹೋಗಬೇಡಿ. ಬಾದಾಮಿಯಲ್ಲಿ ಪ್ರೀ-ವೆಡ್ಡಿಂಗ್ ಮಾಡಿದರೆ ಕೆಂಪು ಬಂಡೆಯ ಬೆಳಕು ಕೆನ್ನೆಯ ಒಂದು ಪಕ್ಕಕ್ಕೆ ಹತ್ತಿರುತ್ತದೆ. ಅದು ಅಲ್ಲೇ ಇರಲಿ. ಅದಕ್ಕಾಗಿಯೇ ಅಲ್ವಾ ಅಷ್ಟು ದೂರ ಹೋದದ್ದು?

ಸಿಂಕ್ ಕೆಲಸಕ್ಕೆ ಬಾರದ ಒಂದು ಜಾಗ ಇದೆ. ಇಳಕಲ್ ಸೀರೆ. ಟೋಪ ತೆನಿ ಅನ್ನುವ ವಿನ್ಯಾಸದ ಸೆರಗಿನ ಆ ರೇಷ್ಮೆ ಕೆಂಪು ಕಣ್ಣಿಗೆ ಎಷ್ಟು ಚಂದವೋ ಕ್ಯಾಮೆರಾದ ಸೆನ್ಸರಿಗೆ ಅಷ್ಟು ಕಷ್ಟ. ಮುಖಕ್ಕೆ ಬೆಳಕು ಸರಿಯಾಗಿದೆ, ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಅಂದರೆ ಸಾಮಾನ್ಯ ಹಿಸ್ಟೋಗ್ರಾಮ್‌ನಲ್ಲೂ ತೊಂದರೆ ಕಾಣುವುದಿಲ್ಲ. ಆದರೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಕೆಂಪು ಒಂದೇ ಕೊನೆಯ ಮಿತಿ 255 ಮುಟ್ಟಿ ಕೂತಿರುತ್ತದೆ. ಹಸಿರು, ನೀಲಿ ಕೆಳಗಿರುವುದರಿಂದ ಸರಾಸರಿ ನೋಡಿದರೆ ಗೊತ್ತಾಗುವುದಿಲ್ಲ. ಪ್ರಿಂಟ್ ಬಂದಾಗ ಸೆರಗು ಕೆಂಪು ಬಣ್ಣ ಬಳಿದ ಹಲಗೆ ಥರ ಕಾಣುತ್ತದೆ. ನೂಲಿಲ್ಲ, ಮಡಿಕೆಯಿಲ್ಲ. ಕ್ಯಾಮೆರಾದಲ್ಲಿ ಮೂರೂ ಬಣ್ಣದ ಹಿಸ್ಟೋಗ್ರಾಮ್ ಬೇರೆ ಬೇರೆ ಕಾಣುವ ಹಾಗೆ ಇಟ್ಟುಕೊಳ್ಳಿ, ಕೆಂಪು ಬಲಗಡೆಗೆ ಬಡಿದರೆ ಬೆಳಕು ಸ್ವಲ್ಪ ತಗ್ಗಿಸಿ. 14 ಬಿಟ್ ರಾ ಫೈಲ್‌ನಲ್ಲಿ ಒಂದು ಬಣ್ಣಕ್ಕೆ 16384 ಮೆಟ್ಟಿಲು, ಜೆಪೆಗ್‌ನಲ್ಲಿ 256. ತಗ್ಗಿಸಿದ್ದನ್ನು ಏರಿಸಲು ರಾದಲ್ಲಿ ಜಾಗ ಇದೆ. ಎಡಿಟಿಂಗ್‌ನಲ್ಲಿ ಮೊದಲು ಪ್ರೊಫೈಲ್ (ಫೋಟೋಗೆ ಹಚ್ಚುವ ಮೂಲ ಬಣ್ಣದ ಶೈಲಿ) ಬದಲಿಸಿ ನೋಡಿ. ವಿವಿಡ್ ಬಿಟ್ಟು ನ್ಯೂಟ್ರಲ್‌ಗೆ ಬಂದರೇ ಎಷ್ಟೋ ನೂಲು ತಿರುಗಿ ಕಾಣುತ್ತದೆ. ಆಮೇಲೆ ಕೆಂಪಿನ ಲ್ಯೂಮಿನನ್ಸ್ (ಹೊಳಪು), ಸ್ಯಾಚುರೇಶನ್ (ಗಾಢತೆ) ಸ್ವಲ್ಪ ಇಳಿಸಿ. ಇದನ್ನು ಸೀರೆಗೆ ಮಾತ್ರ ಮಾಸ್ಕ್ ಹಾಕಿ, ಅಂದರೆ ಅಷ್ಟು ಭಾಗವನ್ನೇ ಗುರುತು ಮಾಡಿಕೊಂಡು, ಮಾಡಬೇಕು. ಇಲ್ಲದಿದ್ದರೆ ಹಣೆಯ ಕುಂಕುಮ, ತುಟಿ ಎರಡೂ ಬಾಡುತ್ತವೆ. ಇಲ್ಲಿ ಹೊತ್ತು ಹೋದರೆ ಹೋಗಲಿ. ಆಲ್ಬಮ್ ಕೈಗೆ ಬಂದಾಗ ಹೆಣ್ಣುಮಕ್ಕಳು ಮುಖಕ್ಕಿಂತ ಮೊದಲು ಸೀರೆ ನೋಡುತ್ತಾರೆ.

ಕೊನೆಯದು ಮುಖ. ಇದನ್ನು ಆಲ್ಬಮ್‌ಗೆ ಹೋಗುವ ಫೋಟೋಗಳಿಗೆ ಮಾತ್ರ ಮಾಡಿ. 3000ರಲ್ಲಿ ಅವು 150, 200 ಇರಬಹುದು. 12x36 ಇಂಚಿನ ಶೀಟಿನಲ್ಲಿ ಒಂದು ಫೋಟೋ ಎಂಟು ಇಂಚು ಅಗಲ ಇದ್ದರೆ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಅದಕ್ಕೆ 2400 ಪಿಕ್ಸೆಲ್ ಸಾಕು. ಹಂಗಿದ್ದ ಮೇಲೆ 200 ಪರ್ಸೆಂಟ್ ಜೂಮ್ ಮಾಡಿ ರೋಮರಂಧ್ರ ತಿದ್ದುವುದು ಯಾರಿಗಾಗಿ? ಪ್ರಿಂಟಿನ ಅಳತೆಗೆ ಇಟ್ಟು ನೋಡಿ, ಕಂಡದ್ದನ್ನಷ್ಟೇ ತೆಗೆಯಿರಿ. ಮೊಡವೆ, ಬೆವರಿನ ಹೊಳಪು ತೆಗೆಯಬಹುದು, ಅವು ನಾಳೆ ಇರುವುದಿಲ್ಲ. ಮಚ್ಚೆ, ಗಾಯದ ಗುರುತು ಮುಟ್ಟಬಾರದು. ಇಡೀ ಫೋಲ್ಡರಿಗೆ ಒಂದೇ ಸಲ ಚರ್ಮ ನುಣುಪು ಮಾಡುವ ಪ್ಲಗಿನ್‌ಗಳ ಬಗ್ಗೆ ನನಗೆ ಸಿಟ್ಟಿದೆ. ಹಳ್ಳಿಯ ಮದುವೆಯಲ್ಲಿ ಅಜ್ಜಿ ಹಣೆಯ ಮೇಲೆ ಹಚ್ಚೆ ಇರುತ್ತದೆ, ಹಸಿರು ಮಾಸಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಪ್ಲಗಿನ್ ಅದನ್ನು ಕಲೆ ಅಂದುಕೊಂಡು ಒರೆಸಿ ಹಾಕುತ್ತದೆ. "ಹುಡುಗೀನ ಸ್ವಲ್ಪ ಬೆಳ್ಳಗ ಮಾಡ್ರಿ" ಅನ್ನುವವರಿಗೂ ನಾನು ಆಗುವುದಿಲ್ಲ ಅಂತಲೇ ಹೇಳುತ್ತೇನೆ. ಒಂದು ಫೋಟೋದಲ್ಲಿ ಮಾಡಿದರೆ 150ರಲ್ಲೂ ಮಾಡಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವಳ ಬಣ್ಣ ಅವಳದು.

ಕಣ್ಣಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹಳದಿ ಫೋಟೋಗಳನ್ನೇ ಗಂಟೆಗಟ್ಟಲೆ ನೋಡಿದರೆ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಹಳದಿ ಕಾಣುವುದೇ ನಿಲ್ಲುತ್ತದೆ. ಆಗಾಗ ಎದ್ದು ಹೊರಗೆ ನೋಡಿ ಬನ್ನಿ. ಮಾನಿಟರಿನ ನೈಟ್ ಮೋಡ್ ಆಫ್ ಮಾಡಿ. "ಪ್ರಿಂಟ್ ಕಪ್ಪಗೆ ಬಂತು" ಅಂತ ಲ್ಯಾಬಿನವರ ಜೊತೆ ಜಗಳ ಆಡುವ ಮೊದಲು ಮಾನಿಟರಿನ ಬೆಳಕು ಇಳಿಸಿ ನೋಡಿ, ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಸೆಕೆಗೆ ಮಧ್ಯಾಹ್ನ ಕಂಪ್ಯೂಟರೂ ಬಳಲುತ್ತದೆ, ಮನುಷ್ಯನೂ ಬಳಲುತ್ತಾನೆ. ನಾನು ಬಣ್ಣದ ಕೆಲಸ ಬೆಳಿಗ್ಗೆ ಮುಗಿಸುತ್ತೇನೆ. ಕ್ರಾಪ್, ಎಕ್ಸ್‌ಪೋರ್ಟ್, ಬ್ಯಾಕಪ್ ಮಧ್ಯಾಹ್ನಕ್ಕೆ. ಅದಕ್ಕೆ ಗೀಗೀ ಪದ ಹಚ್ಚಿಕೊಂಡರೆ ನಡೆಯುತ್ತದೆ. ಬಣ್ಣ ನೋಡುವಾಗ ಕ್ರಿಕೆಟ್ ಮಾತ್ರ ಬೇಡ.

ಇಷ್ಟೆಲ್ಲ ಮಾಡಿದರೂ ತಪ್ಪದ ಬೇಜಾರು ಒಂದಿದೆ. ಅದು ಮುಗಿಸಿದ ಆಲ್ಬಮ್ ಮತ್ತೆ ಮತ್ತೆ ಬಿಚ್ಚುವುದು. "ಈ ಫೋಟೋ ತೆಗೆದು ಮಾವನ ಫೋಟೋ ಹಾಕ್ರಿ", ವಾರ ಬಿಟ್ಟು "ಅದು ಬ್ಯಾಡ, ಮೊದಲಿಂದೇ ಇರ್ಲಿ". ಇದಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ, ಕೊಟೇಶನ್‌ನಲ್ಲಿ ಇದೆ. ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ಬರೆದು ಕೊಡಿ: ಆಲ್ಬಮ್‌ಗೆ ಇಷ್ಟು ಫೋಟೋ, ಬದಲಾವಣೆ ಎರಡು ಸಲ, ಆಮೇಲಿನದಕ್ಕೆ ಬೇರೆ ದುಡ್ಡು. ಎಡಿಟಿಂಗ್‌ಗೆ ಬೇರೆ ಸಾಲು ಹಾಕಿ ಅದರ ಮುಂದೆ ರೇಟ್ ಬರೆಯಿರಿ. ಜನ ಮೊದಲು ಚೌಕಾಸಿ ಮಾಡುತ್ತಾರೆ, "ಕಂಪ್ಯೂಟರ್ ತಾನೇ ಮಾಡ್ತದಲ್ರಿ" ಅನ್ನುತ್ತಾರೆ. ಅಂಥವರನ್ನು ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಅವರ ಮನೆಯ ಫೋಟೋನೇ ತಿದ್ದಿ ತೋರಿಸಿ. ಚಹಾ ಬರುವಷ್ಟರಲ್ಲಿ ಅವರೇ ಆಕಳಿಸುತ್ತಾರೆ, ರೇಟಿನ ಮಾತು ಅಲ್ಲಿಗೆ ಮುಗಿಯುತ್ತದೆ.